ಸದ್ದು ಕಡಿಮೆ ಇರುವ ಬೇಟೆ ಬಿಲ್ಲು: ನಾಲ್ಕು ಸೀಸನ್ ಬಳಸಿದ ಮೇಲಿನ ಅಭಿಪ್ರಾಯ

ಬಳಸಿದ ಕಾಂಪೌಂಡ್ ಬಿಲ್ಲಿನ (ತುದಿಗಳಲ್ಲಿ ರಾಟೆ ಇರುವ ಬಿಲ್ಲು) ಅಳತೆಗಳನ್ನು ಮೊದಲೇ ಹೇಳಿಬಿಡುತ್ತೇನೆ. ಗರಿಷ್ಠ ಎಳೆತ 60 ಪೌಂಡ್, ಡ್ರಾ ಲೆಂಗ್ತ್ (ಹೆದೆ ಎಳೆಯುವ ಉದ್ದ) 29 ಇಂಚು, ಆಕ್ಸಲ್‌ನಿಂದ ಆಕ್ಸಲ್‌ಗೆ (ಎರಡು ರಾಟೆಗಳ ಅಚ್ಚುಗಳ ನಡುವೆ) 33 ಇಂಚು, ಬ್ರೇಸ್ ಹೈಟ್ (ಹಿಡಿಯಿಂದ ನಿಂತ ಹೆದೆಗಿರುವ ದೂರ) 7 ಇಂಚು, ಲೆಟ್-ಆಫ್ (ಪೂರ್ತಿ ಎಳೆದಾಗ ಕಡಿಮೆಯಾಗುವ ಭಾರ) ಶೇ. 80. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಮಾಡೆಲ್‌ಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ, ಈ ಅಳತೆಗಳ ಗುಣ ಬದಲಾಗುವುದಿಲ್ಲ. ಪೆಟ್ಟಿಗೆಯಿಂದ ತೆಗೆದ ದಿನ ಇದು ಸದ್ದಿಲ್ಲದ ಬಿಲ್ಲಾಗಿರಲಿಲ್ಲ, ಈಗ ಆಗಿದೆ. ಆ ಬದಲಾವಣೆಯಲ್ಲಿ ದೊಡ್ಡ ಪಾಲು ಬಾಣದ ತೂಕದ್ದು. ಉಳಿದದ್ದು ಬತ್ತಳಿಕೆ, ರೆಸ್ಟ್ (ಬಾಣ ಕೂರುವ ಆಸರೆ), ಸಡಿಲ ಸ್ಕ್ರೂ ಇಂಥ ಸಣ್ಣಪುಟ್ಟವುಗಳದ್ದು. ಹೊಸ ಬಿಲ್ಲು ಕೊಳ್ಳಲು ಹೊರಟವರು ಇದನ್ನು ತಿಳಿದುಕೊಂಡರೆ ತಪ್ಪು ಬಿಲ್ಲಿಗೆ ದುಡ್ಡು ಸುರಿಯುವುದು ತಪ್ಪುತ್ತದೆ. ಬಿಲ್ಲು ಬೇಟೆಗೆ ಕಾನೂನಿನ ಅನುಮತಿ ಇರುವ ಜಾಗದಲ್ಲಿ, ಪರವಾನಗಿ ಪಡೆದು ಬೇಟೆಯಾಡುವವರಿಗಾಗಿ ಬರೆದದ್ದು ಇದು.

ಕಾವ್ಯದಲ್ಲಿ ಬಿಲ್ಲಿನ ಠೇಂಕಾರ ವೀರನ ಗುರುತು. ಜಿಂಕೆಯ ಮುಂದೆ ಅದೇ ದೊಡ್ಡ ದೋಷ. ವೇಗದ ಬಿಲ್ಲು ಕೊಂಡರೆ ಸದ್ದಿಗಿಂತ ಮೊದಲೇ ಬಾಣ ತಲುಪುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ಲೆಕ್ಕ ಹಾಕಿ ನೋಡಿ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 1,125 ಅಡಿ ಹೋಗುತ್ತದೆ. 285 ಅಡಿ ವೇಗದ ಬಾಣಕ್ಕೆ 30 ಗಜ ದಾಟಲು 0.32 ಸೆಕೆಂಡ್ ಬೇಕು, ಸದ್ದಿಗೆ 0.08 ಸೆಕೆಂಡ್ ಸಾಕು. ಅಂದರೆ ಪ್ರಾಣಿಗೆ ಸದ್ದು ಕೇಳಿದ ಮೇಲೂ ಹತ್ತಿರ ಹತ್ತಿರ ಕಾಲು ಸೆಕೆಂಡ್ ಸಿಗುತ್ತದೆ. ಓಡಲು ಹೊರಟ ಜಿಂಕೆ ಮೊದಲು ಕಾಲು ಮಡಚಿ ಮೈಯನ್ನು ಕೆಳಕ್ಕಿಳಿಸುತ್ತದೆ. ಎಚ್ಚೆತ್ತುಕೊಳ್ಳಲು ಬೇಕಾದ ಕ್ಷಣವನ್ನು ಕಳೆದರೂ, ಉಳಿದ 0.15 ಸೆಕೆಂಡಿನಲ್ಲಿ ಗುರುತ್ವವೊಂದೇ ಆ ಮೈಯನ್ನು 11 ಸೆಂಟಿಮೀಟರ್ ಇಳಿಸಬಲ್ಲದು. ಎದೆಗೆ ಇಟ್ಟ ಗುರಿ ಬೆನ್ನುಮೂಳೆಯ ಮೇಲೆ ಹೋಗಲು, ಇನ್ನೂ ಕೆಟ್ಟದೆಂದರೆ ಪ್ರಾಣಿ ಗಾಯಗೊಂಡು ತಪ್ಪಿಸಿಕೊಳ್ಳಲು, ಅಷ್ಟು ಸಾಕು. ಸೆಕೆಂಡಿಗೆ 25-30 ಅಡಿ ವೇಗ ಹೆಚ್ಚಿಸಿದರೆ ಆ ಅವಧಿಯಲ್ಲಿ ಉಳಿತಾಯವಾಗುವುದು ಸೆಕೆಂಡಿನ ನೂರರಲ್ಲಿ ಸುಮಾರು ಮೂರು ಪಾಲು ಮಾತ್ರ. ಜಿಂಕೆಯ ಕಿವಿ 4ರಿಂದ 8 ಕಿಲೋಹರ್ಟ್ಸ್ ಆಸುಪಾಸಿನ ಚುರುಕು ಸದ್ದಿಗೆ ಬಲು ಸೂಕ್ಷ್ಮ. ಆದ್ದರಿಂದ ಮಂದವಾದ 'ದಪ್' ಸದ್ದಿಗಿಂತ ಲೋಹದ 'ಟಿಣ್', ಹೆದೆಯ 'ಝಂಯ್' ಹೆಚ್ಚು ಅಪಾಯಕಾರಿ. ಸದ್ದು ಎಷ್ಟು ಜೋರು ಎಂಬುದರ ಜೊತೆಗೆ ಅದು ಎಂಥ ಸದ್ದು ಎಂಬುದನ್ನೂ ಕೇಳಿಸಿಕೊಳ್ಳಬೇಕು.

ಈ ಸದ್ದು ಎಲ್ಲಿಂದ ಬರುತ್ತದೆ? ಎಳೆದಾಗ ಲಿಂಬ್‌ಗಳಲ್ಲಿ (ಬಿಲ್ಲಿನ ಬಾಗುವ ಪಟ್ಟಿಗಳು) ಶೇಖರವಾದ ಶಕ್ತಿಯೆಲ್ಲ ಬಾಣಕ್ಕೆ ಹೋಗುವುದಿಲ್ಲ. ಬಾಣ ತೆಗೆದುಕೊಳ್ಳದೆ ಬಿಟ್ಟದ್ದು ಬಿಲ್ಲಿನಲ್ಲೇ ನಡುಕವಾಗಿ, ಕೈಗೆ ಬಡಿತವಾಗಿ, ಕಿವಿಗೆ ಸದ್ದಾಗಿ ಹೊರಬರುತ್ತದೆ. ಬಾಣ ಹಗುರವಾದಷ್ಟೂ ಬಿಟ್ಟುಹೋಗುವ ಪಾಲು ಹೆಚ್ಚು. ಬಾಣವೇ ಇಲ್ಲದೆ ಹೆದೆ ಬಿಟ್ಟರೆ ಬಿಲ್ಲು ಒಡೆದುಹೋಗಬಹುದು ಎನ್ನುವುದೂ ಇದೇ ಕಾರಣಕ್ಕೆ. ಎಳೆತದ ಪ್ರತಿ ಪೌಂಡಿಗೆ ಕನಿಷ್ಠ 5 ಗ್ರೇನ್ (ಒಂದು ಗ್ರಾಂಗೆ ಸುಮಾರು 15 ಗ್ರೇನ್) ಬಾಣದ ತೂಕ ಇರಲಿ ಎಂದು ತಯಾರಕರು ಹೇಳುವುದು ಬಿಲ್ಲಿನ ಸುರಕ್ಷತೆಗೆ. ಸದ್ದಿನ ದೃಷ್ಟಿಯಿಂದ ಅದು ತೀರಾ ಕಡಿಮೆ. 7ರಿಂದ 8 ಗ್ರೇನ್ ಇರಬೇಕು.

ಈ ಬಿಲ್ಲಿನಲ್ಲಿ ಮೊದಲು ಬಳಸಿದ್ದು 370 ಗ್ರೇನ್ ಬಾಣ, ವೇಗ ಸೆಕೆಂಡಿಗೆ 285 ಅಡಿ. ಈಗ 460 ಗ್ರೇನ್, 257 ಅಡಿ. ಹೆಚ್ಚಿದ 90 ಗ್ರೇನ್‌ನಲ್ಲಿ ಸುಮಾರು 40 ದಪ್ಪ ಗೋಡೆಯ ಕಾರ್ಬನ್ ಶಾಫ್ಟ್‌ನಿಂದ (ಬಾಣದ ಕೊಳವೆ), 25 ಅಲ್ಯೂಮಿನಿಯಂ ಬದಲು ಹಾಕಿದ ಹಿತ್ತಾಳೆ ಇನ್ಸರ್ಟ್‌ನಿಂದ (ಮೊನೆ ತಿರುಗಿಸಿ ಕೂರಿಸುವ ತುಂಡು), 25 ಮೊನೆಯನ್ನು 100ರಿಂದ 125 ಗ್ರೇನ್‌ಗೆ ಏರಿಸಿದ್ದರಿಂದ ಬಂತು. ಚಲನಶಕ್ತಿ 67 ಅಡಿ-ಪೌಂಡ್ ಆಸುಪಾಸಿನಲ್ಲೇ ಉಳಿಯಿತು, ಸಂವೇಗ ಶೇ. 12ರಷ್ಟು ಏರಿತು, ಅಂದರೆ ಒಳಹೊಕ್ಕುವ ಗುಣಕ್ಕೆ ನಷ್ಟವಿಲ್ಲ, ಲಾಭವೇ. ಹೆದೆ ಬಿಟ್ಟಾಗಿನ ಚಟೀರ್ ಸದ್ದು ಮೆತ್ತನೆಯ ಬಡಿತಕ್ಕಿಳಿಯಿತು. ಯಾವ ರಬ್ಬರ್ ಪರಿಕರವೂ ಈ ಮಟ್ಟದ ವ್ಯತ್ಯಾಸ ಕೊಡಲಿಲ್ಲ.

ಇದಕ್ಕೆ ತೆರಬೇಕಾದ ಬೆಲೆ ಬಾಣದ ಪಥದಲ್ಲಿದೆ. ಸೈಟ್‌ನ (ಗುರಿ ನೋಡುವ ಸಾಧನ) 20 ಗಜದ ಪಿನ್ನನ್ನೇ ಇಟ್ಟು 30 ಗಜಕ್ಕೆ ಬಿಟ್ಟರೆ ಭಾರದ ಬಾಣ ಹಗುರದ್ದಕ್ಕಿಂತ ಒಂದೂವರೆ ಇಂಚು ಕೆಳಗೆ ಬೀಳುತ್ತದೆ, 40 ಗಜಕ್ಕೆ ನಾಲ್ಕು ಇಂಚು. ಸೈಟ್‌ನ ಪಿನ್‌ಗಳ ನಡುವಿನ ಅಂತರ ಹೆಚ್ಚುತ್ತದೆ, ದೂರದ ಅಂದಾಜು ತಪ್ಪಿದರೆ ದಂಡವೂ ಹೆಚ್ಚುತ್ತದೆ. ರೇಂಜ್‌ಫೈಂಡರ್ ಇಲ್ಲದೆ 40 ಗಜಕ್ಕೆ ಬಿಡುವವರಿಗೆ ಇದು ನಿಜವಾದ ತೊಂದರೆ. 25 ಗಜದೊಳಗೆ ಬಿಡುವವರಿಗೆ ಲೆಕ್ಕಕ್ಕೇ ಬರುವುದಿಲ್ಲ. ಇನ್ನೊಂದು ಎಚ್ಚರಿಕೆ: ಮುಂದಿನ ತುದಿಗೆ ತೂಕ ಸೇರಿಸಿದಷ್ಟೂ ಶಾಫ್ಟ್ ಹೆಚ್ಚು ಬಳುಕುತ್ತದೆ. ಹಳೆಯ ಶಾಫ್ಟ್‌ಗೇ ಭಾರದ ಮೊನೆ ತಿರುಗಿಸಿ ಸುಮ್ಮನಾದರೆ ಬಾಣ ಬಾಲ ಅಲ್ಲಾಡಿಸಿಕೊಂಡು ಹಾರುತ್ತದೆ. ಸ್ಪೈನ್ (ಶಾಫ್ಟ್‌ನ ಗಡುಸುತನ) ಪಟ್ಟಿಯಲ್ಲಿ ಹೊಸ ತೂಕ ನೋಡಿ, ಬೇಕಿದ್ದರೆ ಒಂದು ಹಂತ ಗಡುಸಾದ ಶಾಫ್ಟ್ ತೆಗೆದುಕೊಳ್ಳಿ.

ಈಗ ಬಿಲ್ಲಿನ ಆಯ್ಕೆಗೆ ಬರೋಣ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕುವ ವೇಗವನ್ನು ಅಳೆಯುವುದು 70 ಪೌಂಡ್, 30 ಇಂಚು ಡ್ರಾ, 350 ಗ್ರೇನ್ ಬಾಣದಲ್ಲಿ. ಅಂದರೆ ಪೌಂಡಿಗೆ ಸರಿಯಾಗಿ 5 ಗ್ರೇನ್, ಬಿಲ್ಲು ಅತಿ ಹೆಚ್ಚು ಅರಚುವ ಸ್ಥಿತಿಯಲ್ಲಿ. ಬೇಟೆಗೆ ಆ ಅಂಕಿಯ ಹಿಂದೆ ಓಡಬೇಡಿ. 6 ಇಂಚು ಬ್ರೇಸ್ ಹೈಟ್‌ನ ವೇಗದ ಬಿಲ್ಲಿನಲ್ಲಿ ಹೆದೆ ಬಾಣವನ್ನು ಹೆಚ್ಚು ದೂರ ತಳ್ಳುತ್ತದೆ, ಕ್ಯಾಮ್ (ತುದಿಯ ರಾಟೆ) ಕೂಡ ಸಾಮಾನ್ಯವಾಗಿ ಗಡುಸು. ಎಳೆತ ಒಮ್ಮೆಲೇ ಏರಿ ಕೊನೆಯಲ್ಲಿ ದೊಪ್ಪನೆ ಇಳಿಯುತ್ತದೆ. 7 ಇಂಚು ಇರುವ, ಸಾವಕಾಶವಾಗಿ ಏರಿಳಿಯುವ ಕ್ಯಾಮ್‌ನ ಬಿಲ್ಲು ಹತ್ತಿಪ್ಪತ್ತು ಅಡಿ ವೇಗ ಬಿಟ್ಟುಕೊಟ್ಟು ನೆಮ್ಮದಿ ಕೊಡುತ್ತದೆ. ಸರಾಗ ಎಳೆತದಿಂದ ಇನ್ನೊಂದು ಲಾಭವೂ ಇದೆ: ಪ್ರಾಣಿ ಹತ್ತು ಹೆಜ್ಜೆಯಲ್ಲಿ ನಿಂತಿರುವಾಗ ಬಿಲ್ಲನ್ನು ಆಕಾಶಕ್ಕೆತ್ತದೆ, ಮೈ ಕುಲುಕದೆ ಎಳೆಯಬಹುದು. ಎಳೆಯುವಾಗ ಕೈ ನಡುಗಿದರೆ ಪೌಂಡ್ ಇಳಿಸಿ. 60 ಪೌಂಡಿನಲ್ಲಿ ಒದ್ದಾಡುವುದಕ್ಕಿಂತ 52ರಲ್ಲಿ ನಿಧಾನವಾಗಿ ಎಳೆಯುವುದು ಮೇಲು. ಬೇಟೆಗೆ ಕನಿಷ್ಠ ಇಷ್ಟು ಪೌಂಡ್ ಇರಬೇಕೆಂಬ ನಿಯಮ ಹಲವು ಕಡೆ ಇರುತ್ತದೆ, ಅದನ್ನು ನೋಡಿಕೊಂಡು ಇಳಿಸಿ.

ಲಿಂಬ್‌ಗಳು ನೆಲಕ್ಕೆ ಸಮಾನಾಂತರವಾಗಿ ಮಲಗಿದಂತಿರುವ ವಿನ್ಯಾಸವನ್ನೇ ಆರಿಸಿ. ಹೆದೆ ಬಿಟ್ಟಾಗ ಮೇಲಿನ ಲಿಂಬ್ ಮೇಲಕ್ಕೂ ಕೆಳಗಿನದು ಕೆಳಕ್ಕೂ ಚಿಮ್ಮಿ ಒಂದರ ಒದೆತ ಇನ್ನೊಂದನ್ನು ಅಳಿಸುತ್ತದೆ. ಹಳೆಯ ವಿನ್ಯಾಸದಲ್ಲಿ ಎರಡೂ ಮುಂದಕ್ಕೆ ಒದೆಯುತ್ತಿದ್ದವು. ಈಗಿನ ಬಹುತೇಕ ಬೇಟೆ ಬಿಲ್ಲುಗಳು ಹೀಗೆಯೇ ಬರುತ್ತವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾತ್ರ ಗಮನಿಸಬೇಕು. ಸ್ಟ್ರಿಂಗ್ ಸ್ಟಾಪ್ (ಹೆದೆಯ ಓಲಾಟ ತಡೆಯುವ, ತುದಿಯಲ್ಲಿ ರಬ್ಬರ್ ಇರುವ ಕಡ್ಡಿ) ಇಲ್ಲದ ಹಳೆಯ ಬಿಲ್ಲಾದರೆ ಅದನ್ನು ಪ್ರತ್ಯೇಕವಾಗಿ ಹಾಕಿಸಬಹುದು, ಹಾಕಿಸಲೇಬೇಕು.

ಅಂಗಡಿಯಲ್ಲಿ ಎರಡು ಬಿಲ್ಲುಗಳನ್ನು ಹೋಲಿಸುವಾಗ ಎಲ್ಲರೂ ಮಾಡುವ ತಪ್ಪೊಂದಿದೆ: ಒಂದರಲ್ಲಿ 65 ಪೌಂಡ್ ಇರುತ್ತದೆ, ಇನ್ನೊಂದರಲ್ಲಿ 55, ಒಂದಕ್ಕೆ ಬತ್ತಳಿಕೆ ಇರುತ್ತದೆ, ಇನ್ನೊಂದು ಬರಿಮೈ. ಎಳೆತವನ್ನು ಬೋ ಸ್ಕೇಲ್‌ನಲ್ಲಿ ಸಮ ಮಾಡಿಸಿ, ನಿಮ್ಮದೇ ಡ್ರಾ ಲೆಂಗ್ತ್ ಇಡಿಸಿ, ಒಂದೇ ಬಾಣವನ್ನು ಎರಡರಲ್ಲೂ ಬಿಡಿ. ಬಿಲ್ಲು ಹಿಡಿದವನಿಗೆ ಕೇಳುವ ಸದ್ದು ಪ್ರಾಣಿಗೆ ಕೇಳುವ ಸದ್ದಲ್ಲ. ಕೈಯ ನಡುಕವೂ ಕಿವಿಯ ತೀರ್ಪಿನಲ್ಲಿ ಸೇರಿಕೊಳ್ಳುತ್ತದೆ. ಬೇರೆಯವರು ಬಿಡಲಿ, ನೀವು ಶೂಟಿಂಗ್ ಸಾಲಿನ ಹಿಂದೆ, ಬದಿಗೆ ದೂರ ಸರಿದು ಕಣ್ಣು ಮುಚ್ಚಿ ಕೇಳಿ. ಸಾಲಿನ ಮುಂದೆ ಯಾರೂ ಹೋಗಬಾರದು. ಗುರಿಯ ಕಡೆಯ ಸದ್ದು ಬೇಕಿದ್ದರೆ ಮೊಬೈಲನ್ನು ಗಟ್ಟಿ ಮರೆಯ ಹಿಂದೆ ಇಟ್ಟು ರೆಕಾರ್ಡ್ ಮಾಡಿ. ಆದರೆ ಮೊಬೈಲ್ ಜೋರು ಸದ್ದನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹಾಗಾಗಿ ಯಾವುದು ಜೋರು ಎಂದು ಅದರಿಂದ ತೀರ್ಮಾನಿಸಬೇಡಿ, ಸದ್ದಿನ ಗುಣವನ್ನು ಕೇಳಿ. ಬಡಿತದ ನಂತರ 'ಝಂಯ್' ಎಂದು ಬಾಲ ಉಳಿಯುತ್ತದೆಯೇ ಎಂಬುದೇ ಮುಖ್ಯ.

ಬಿಟ್ಟಾಗಿನ ಸದ್ದಿನ ಬಗ್ಗೆ ಇಷ್ಟೆಲ್ಲ ಮಾತಾಡುವವರು ಎಳೆಯುವಾಗಿನ ಸದ್ದನ್ನು ಮರೆಯುತ್ತಾರೆ. ಅದು ಇನ್ನೂ ಕೆಟ್ಟದ್ದು, ಏಕೆಂದರೆ ಆಗ ಬಾಣ ಇನ್ನೂ ಬಿಲ್ಲಿನಲ್ಲೇ ಇರುತ್ತದೆ. ಕೇಬಲ್ ಸ್ಲೈಡ್ (ಕೇಬಲ್‌ಗಳನ್ನು ಬಾಣದ ದಾರಿಯಿಂದ ಬದಿಗೆ ಹಿಡಿದು ರಾಡ್ ಮೇಲೆ ಜಾರುವ ತುಂಡು) ಒಣಗಿದರೆ ಕಿರ್ ಎನ್ನುತ್ತದೆ. ರಾಡನ್ನು ಒರೆಸಿ ಒಣ ಗ್ರಾಫೈಟ್ ಅಥವಾ ಟೆಫ್ಲಾನ್ ಲೇಪ ಹಚ್ಚಿ. ಎಣ್ಣೆ ಹಾಕಿದರೆ ಧೂಳು ಕೂತು ವಾರದಲ್ಲಿ ಮತ್ತೆ ಶುರುವಾಗುತ್ತದೆ. ಅದರ ಬದಲು ಉರುಳುವ ಗಾಲಿಗಳ ರೋಲರ್ ಗಾರ್ಡ್ ಇರುವ ಬಿಲ್ಲಿನಲ್ಲಿ ಈ ತಾಪತ್ರಯ ಕಡಿಮೆ. ಬಿರುಗೂದಲಿನ ಉಂಗುರದಂಥ ರೆಸ್ಟ್ ಬಾಣವನ್ನು ಭದ್ರವಾಗಿ ಹಿಡಿಯುತ್ತದೆ, ಆದರೆ ಎಳೆಯುವಾಗ ಸರಸರ ಉಜ್ಜುತ್ತದೆ. ಬಾಣ ಬಿಟ್ಟೊಡನೆ ಕೆಳಗೆ ಬೀಳುವ ಡ್ರಾಪ್-ಅವೇ ರೆಸ್ಟ್‌ನಲ್ಲಿ ಉಜ್ಜುವ ಸದ್ದು ಅಷ್ಟಿಲ್ಲ, ಬದಲಿಗೆ ಅದರ ತೋಳು ಬಿದ್ದಾಗ ರೈಸರ್‌ಗೆ (ಬಿಲ್ಲಿನ ಗಟ್ಟಿ ನಡುಭಾಗ) ಬಡಿಯುತ್ತದೆ. ಈ ಬಿಲ್ಲಿನಲ್ಲಿ ಎರಡೂ ಬಳಕೆಯಾಗಿವೆ, ಉಳಿದದ್ದು ಡ್ರಾಪ್-ಅವೇ. ತೋಳಿನ ಕವಲಿಗೆ, ಅದು ಬೀಳುವ ಜಾಗಕ್ಕೆ, ಬಾಣ ಜಾರಿ ತಾಗಬಹುದಾದ ಶೆಲ್ಫ್‌ಗೆಲ್ಲ ಅಂಟಿರುವ ದಪ್ಪ ಫೆಲ್ಟ್ ಹಾಕಿ. ಅಂಟಿಸುವ ಮೊದಲು ಲೋಹವನ್ನು ಸ್ಪಿರಿಟ್‌ನಿಂದ ಒರೆಸದಿದ್ದರೆ ಮೊದಲ ಮಳೆಗೆ ಫೆಲ್ಟ್ ಕಿತ್ತು ಬರುತ್ತದೆ.

ಗಿಲಕಿ ಸದ್ದು ಹುಡುಕುವ ವಿಧಾನ ಸರಳ. ಬಿಲ್ಲನ್ನು ಹಿಡಿಯಲ್ಲಿ ಸಡಿಲವಾಗಿ ಹಿಡಿದು ರೈಸರ್‌ನ ಬದಿಗೆ ಮುಷ್ಟಿಯಿಂದ ಮೆಲ್ಲಗೆ ಗುದ್ದಿ. ಎಲ್ಲೋ ಗಲಗಲ ಎಂದರೆ ಬತ್ತಳಿಕೆ, ಸೈಟ್, ಸ್ಟೆಬಿಲೈಜರ್ (ಮುಂದಕ್ಕೆ ಚಾಚಿದ ತೂಕದ ಕಡ್ಡಿ) ಹೀಗೆ ಒಂದೊಂದೇ ಬಿಚ್ಚುತ್ತಾ ಮತ್ತೆ ಗುದ್ದಿ. ಮೊದಲ ಅನುಮಾನ ಬತ್ತಳಿಕೆಯ ಮೇಲೇ ಇರಲಿ. ಬಾಣ ತುಂಬಿ ಒಮ್ಮೆ, ಖಾಲಿ ಇಟ್ಟು ಒಮ್ಮೆ ಪರೀಕ್ಷಿಸಿ; ಬಾಣದ ನಡುಭಾಗ ಹಿಡಿಯುವ ರಬ್ಬರ್ ಹಲ್ಲು ಶಾಫ್ಟ್‌ನ ದಪ್ಪಕ್ಕೆ ಹೊಂದದಿದ್ದರೆ ಬಾಣಗಳು ಒಂದಕ್ಕೊಂದು ಬಡಿಯುತ್ತವೆ. ಕೂತ ಜಾಗದಲ್ಲಿ ಬತ್ತಳಿಕೆ ಕಳಚಿಡುವುದೇ ಎಲ್ಲಕ್ಕಿಂತ ಒಳ್ಳೆಯದು. ಆದರೆ ಹಾಗೆ ಮಾಡುವವರು ಅಭ್ಯಾಸವನ್ನೂ ಬತ್ತಳಿಕೆ ಇಲ್ಲದೆಯೇ ಮಾಡಬೇಕು. ಸೈಟ್‌ನ ಸ್ಕ್ರೂಗಳಿಗೆ ನೀಲಿ ಥ್ರೆಡ್ ಲಾಕರ್ ಒಂದು ಹನಿ ಸಾಕು. ಕೆಂಪು ಹಾಕಬೇಡಿ, ಬಿಸಿ ಮಾಡದೆ ಬಿಚ್ಚಲಾಗದು.

ಸ್ಟ್ರಿಂಗ್ ಸ್ಟಾಪ್‌ನ ರಬ್ಬರ್ ಮತ್ತು ನಿಂತ ಹೆದೆಯ ನಡುವೆ ವಿಸಿಟಿಂಗ್ ಕಾರ್ಡ್ ತೂರುವಷ್ಟು ಜಾಗ ಬಿಟ್ಟರೆ ಸರಿಹೋಗುತ್ತದೆ. ದೂರವಾದರೆ ಹೆದೆ ಓಲಾಡಿ 'ಝಂಯ್' ಎನ್ನುತ್ತದೆ. ಒತ್ತಿ ಕೂತರೆ ಬಡಿತದ ಸದ್ದು ಹೆಚ್ಚುತ್ತದೆ, ಗುರಿಯೂ ಸರಿಯಬಹುದು. ಹೆದೆಗೆ ಕಟ್ಟುವ ರಬ್ಬರ್ ಸೈಲೆನ್ಸರ್‌ಗಳನ್ನು ಎರಡು ತುದಿಯ ಕಡೆಗೆ ಇಡಿ, ಮಧ್ಯಕ್ಕೆ ಬಂದಷ್ಟೂ ವೇಗ ತಿನ್ನುತ್ತವೆ. ಎರಡು ಸಾಕು, ನಾಲ್ಕು ಕಟ್ಟಿದರೆ ಸಿಗುವ ಹೆಚ್ಚುವರಿ ಮೌನ ಕಿವಿಗೆ ತಿಳಿಯುವಂಥದ್ದಲ್ಲ. ಉಣ್ಣೆ, ತುಪ್ಪಳದ ಚೆಂಡುಗಳು ನೀರು ಹೀರಿ ಭಾರವಾಗಿ ಗುರಿ ಕೆಳಗಿಳಿಸುತ್ತವೆ, ಮಳೆಯಲ್ಲಿ ಕೂರುವವರಿಗೆ ಬೇಡ. ಉದ್ದನೆಯ ಸ್ಟೆಬಿಲೈಜರ್ ಕೈಯ ನಡುಕ ತಗ್ಗಿಸಿ ಗುರಿ ನಿಲ್ಲಿಸುತ್ತದೆ, ಸದ್ದಿಗೆ ಅದರ ಕೊಡುಗೆ ಕಡಿಮೆ.

ಹಾರುವ ಬಾಣಕ್ಕೂ ಸದ್ದಿದೆ. ನಿಜವಾದ ಗರಿ ಪ್ಲಾಸ್ಟಿಕ್ ವೇನ್‌ಗಿಂತ ಹೆಚ್ಚು ಸುಯ್‌ಗುಟ್ಟುತ್ತದೆ. ಅಲಗಿನಲ್ಲಿ ಕಿಟಕಿಯಂಥ ರಂಧ್ರ ಕೊರೆದ ಬ್ರಾಡ್‌ಹೆಡ್‌ಗಳಲ್ಲಿ ಕೆಲವು ಸಿಳ್ಳೆ ಹಾಕುತ್ತವೆ. ರಂಧ್ರವಿಲ್ಲದ ಗಟ್ಟಿ ಅಲಗು ಆ ದೃಷ್ಟಿಯಿಂದ ಉತ್ತಮ. ಚೌಕಟ್ಟಿಗೆ ಬಿಗಿದ ಕಾಗದದ ಮೂಲಕ ಆರು ಅಡಿಯಿಂದ ಬಾಣ ಬಿಟ್ಟು, ಒಂದೇ ದುಂಡು ತೂತಿನ ಸುತ್ತ ಮೂರು ವೇನ್‌ಗಳ ಸೀಳು ಬರುವವರೆಗೆ ರೆಸ್ಟ್ ಮತ್ತು ನಾಕಿಂಗ್ ಪಾಯಿಂಟ್ (ಹೆದೆಯಲ್ಲಿ ಬಾಣ ಕೂರುವ ಜಾಗ) ಸರಿಪಡಿಸಿ. ಓಲಾಡುವ ಬಾಣ ಸದ್ದೂ ಮಾಡುತ್ತದೆ, ನಾಟುವುದೂ ಕಡಿಮೆ.

ನಾಲ್ಕು ಸೀಸನ್‌ಗಳಲ್ಲಿ ಕೆಟ್ಟದ್ದು ಇವು. ಎರಡನೇ ಸೀಸನ್‌ನಲ್ಲಿ ಸ್ಟಾಪ್‌ನ ರಬ್ಬರ್ ಗಟ್ಟಿಯಾಗಿ, ಮೆತ್ತನೆಯ ಬಡಿತ ಮತ್ತೆ ಚಟೀರ್ ಆಯಿತು. ಬಿಡಿಭಾಗ ಅಗ್ಗ, ಒಂದು ಹೆಚ್ಚು ಇಟ್ಟುಕೊಳ್ಳಿ. ಹೆದೆಯ ಒಂದು ಸೈಲೆನ್ಸರ್ ನಿಧಾನವಾಗಿ ಜಾರಿತು. ಎರಡೂ ಬದಿಗೆ ಸರ್ವಿಂಗ್ (ಹೆದೆಯ ಮೇಲೆ ಸುತ್ತುವ) ದಾರ ಬಿಗಿದರೆ ನಿಲ್ಲುತ್ತದೆ. ಹೆಚ್ಚು ದಾರಿ ತಪ್ಪಿಸಿದ್ದು ಕ್ಯಾಮ್ ಟೈಮಿಂಗ್. ಕೇಬಲ್ ಒಂದಿಷ್ಟು ಹಿಗ್ಗಿ, ಪೂರ್ತಿ ಎಳೆದಾಗ ಮೇಲಿನ ಕ್ಯಾಮ್ ತನ್ನ ಡ್ರಾ ಸ್ಟಾಪ್‌ಗೆ (ಎಳೆತ ನಿಲ್ಲಿಸುವ ತಡೆ) ಮೊದಲು ತಾಗಿ ಕೆಳಗಿನದು ತಡವಾಗುತ್ತಿತ್ತು. ಹೊರಗೆ ಕಂಡದ್ದು ಸದ್ದು ಹೆಚ್ಚಾದದ್ದು, ಬಾಣಗಳು ಮೇಲೆ ಕೆಳಗೆ ಚದುರಿದ್ದು ಮಾತ್ರ. ಸದ್ದು ಕಾರಣವಿಲ್ಲದೆ ಏರಿದರೆ ಪರಿಕರ ಕೊಳ್ಳುವ ಮೊದಲು ಬೇರೊಬ್ಬರು ಎಳೆದು ಹಿಡಿದಾಗ ಬದಿಯಿಂದ ಎರಡೂ ಡ್ರಾ ಸ್ಟಾಪ್ ನೋಡಿ. ಸರಿಪಡಿಸಲು ಕೇಬಲ್‌ಗೆ ಅರ್ಧ ಸುತ್ತು, ಒಂದು ಸುತ್ತು ಹುರಿ ಹಾಕಿದರೆ ಸಾಕಾಗಬಹುದು, ಆದರೆ ಬೋ ಪ್ರೆಸ್ (ಲಿಂಬ್ ಒತ್ತಿ ಹೆದೆ ಸಡಿಲಿಸುವ ಸಾಧನ) ಇಲ್ಲದೆ ಅದಕ್ಕೆ ಕೈ ಹಾಕಬೇಡಿ. ಮೂರನೇ ಸೀಸನ್ ಮುಗಿದ ಮೇಲೆ ಹೆದೆ, ಕೇಬಲ್ ಎರಡೂ ಹೊಸದಾದವು. ಹೊಸ ಹೆದೆಯಲ್ಲಿ ನೂರಿನ್ನೂರು ಬಾಣ ಬಿಟ್ಟು ಅದು ತಳವೂರಿದ ಮೇಲೆ ಪೀಪ್ (ಹೆದೆಯಲ್ಲಿ ಕೂರಿಸುವ ಗುರಿ ನೋಡುವ ಕಿಂಡಿ) ಮತ್ತು ಸೈಟ್ ಅಂತಿಮವಾಗಿ ಕೂರಿಸಿ. ಹೆದೆ ಒಣಗಿದಂತೆ, ನವಿರೆದ್ದಂತೆ ಕಂಡಾಗ ಮೇಣ ಹಚ್ಚಿ, ಬೆರಳಿನ ಬಿಸಿಯಲ್ಲಿ ಉಜ್ಜಿ ಒಳಸೇರಿಸಿ. ಸರ್ವಿಂಗ್ ಸುತ್ತಿದ ಭಾಗಕ್ಕೆ ಬೇಡ.

40 ಗಜದಾಚೆ ಗುರಿಹಲಗೆ ಸ್ಪರ್ಧೆ ಮುಖ್ಯ ಎನ್ನುವವರಿಗೆ ಈ ಜೋಡಣೆ ಹಿಡಿಸದು. ಮರೆಯಲ್ಲಿ ಕೂತು ಹತ್ತಿರದಿಂದ ಬಿಡುವವರು ಇದೇ ಅಳತೆಯ ಬಿಲ್ಲನ್ನು ಧೈರ್ಯವಾಗಿ ಕೊಳ್ಳಬಹುದು. ಸೀಸನ್ ಶುರುವಾಗುವ ಮುನ್ನ ನಸುಕಿನ ಚಳಿಯಲ್ಲಿ, ಬೇಟೆಗೆ ಹಾಕುವ ದಪ್ಪ ಜಾಕೆಟ್ಟನ್ನೇ ತೊಟ್ಟು ಬಾಣ ಹೂಡಿ, ಗುರಿಹಲಗೆಯ ಮುಂದೆ ಹತ್ತು ಸಲ ನಿಧಾನವಾಗಿ ಎಳೆದು ಇಳಿಸಿ. ಬೆಚ್ಚಗಿನ ಅಂಗಡಿಯೊಳಗೆ ಕೇಳಿಸದ ಕಿರಕಿರಿ, ಹೆದೆ ತೋಳಿಗೆ ಸವರುವ ಸದ್ದು ಎಲ್ಲವೂ ಅಲ್ಲಿ ಕೇಳುತ್ತವೆ.