ಎಂಟು ವರ್ಷ, 1,12,000 ಕಿ.ಮೀ., ಒಂದು ಪ್ಲಾಸ್ಟಿಕ್ ತುಂಡು

2017ರಲ್ಲಿ ಕೊಂಡ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕಂಪನಿ ಹೆಸರು ಬೇಡ. ಕೈಕೊಟ್ಟದ್ದು ಥರ್ಮೋಸ್ಟಾಟ್ ಹೌಸಿಂಗ್, ಅಂದರೆ ಎಂಜಿನ್ ತಂಪಾಗಿಡುವ ದ್ರವ (ಕೂಲಂಟ್) ಹಾದುಹೋಗುವ ಪ್ಲಾಸ್ಟಿಕ್ ಕವಚ; ಇಂಥದ್ದು ಈಗ ಬಹಳಷ್ಟು ಗಾಡಿಗಳಲ್ಲಿದೆ. ಮೊದಲ ಏಳು ವರ್ಷ ದೂರು ಹೇಳುವಂಥದ್ದೇನೂ ಇರಲಿಲ್ಲ. ಹೈವೇಯಲ್ಲಿ 18-19 ಮೈಲೇಜ್, ಹಗುರ ಕ್ಲಚ್, ಬೆಂಗಳೂರಿನ ಟ್ರಾಫಿಕ್ಕಿಗೆ ಹೇಳಿ ಮಾಡಿಸಿದ ಹಾಗೆ. ಹಿಂದೆ ಮೂವರು ಕೂತರೆ ಇಕ್ಕಟ್ಟು, ಅಷ್ಟೆ.

2024ರ ಜೂನ್ ಕೊನೆಯಲ್ಲಿ ಪುತ್ತೂರಿನಿಂದ ವಾಪಸ್ ಬರುತ್ತಿದ್ದೆವು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಮಳೆ ಅಂದರೆ ಮಳೆ. ಗಾಜಿಗೆ ಮಂಜು ಹಿಡಿಯುತ್ತಿತ್ತೆಂದು ಹೀಟರ್ ಹಾಕಿದ್ದೆ. ಮುಂದೆ ಟ್ಯಾಂಕರ್‌ಗಳ ಸಾಲು, ಎರಡನೇ ಗೇರಿನಲ್ಲೇ ತೆವಳಿಕೆ. ಮಾರನಹಳ್ಳಿ ದಾಟಿದ ಮೇಲೆ ಹೆಂಡತಿ ಕೈಯನ್ನು ಗಾಳಿಗೆ ಹಿಡಿದು, "ಇದೆಂತ ಮಾರಾಯ್ರೆ, ತಣ್ಣಗಿನ ಗಾಳಿ ಬರ್ತಾ ಉಂಟು" ಅಂದಳು. ನಾಬ್ ನೋಡಿದರೆ ಕೆಂಪು ತುದಿಯಲ್ಲೇ ಇದೆ. ಎಸಿ ಏನೋ ಕೈಕೊಟ್ಟಿತು ಅಂದುಕೊಂಡು ಮುಂದೆ ಹೋದೆ. ನನ್ನ ದಡ್ಡತನ ಅದೇ. ಹೀಟರಿನ ಬಿಸಿ ಬರುವುದು ಎಂಜಿನ್ನಿನ ಕೂಲಂಟಿನಿಂದ. ಕೂಲಂಟ್ ಖಾಲಿಯಾದರೆ ಬಿಸಿ ಗಾಳಿಯೂ ನಿಲ್ಲುತ್ತದೆ.

ಈ ಗಾಡಿಯಲ್ಲಿ ಟೆಂಪರೇಚರ್ ಮುಳ್ಳಿಲ್ಲ. ತಣ್ಣಗಿದ್ದರೆ ನೀಲಿ ದೀಪ, ವಿಪರೀತ ಕಾದರೆ ಕೆಂಪು ದೀಪ, ನಡುವೆ ಏನೂ ಇಲ್ಲ. ಆ ಕೆಂಪು ದೀಪವನ್ನೂ ಪೂರ್ತಿ ನಂಬುವ ಹಾಗಿಲ್ಲ. ಸೆನ್ಸರ್ ಅಳೆಯುವುದು ತಾನು ಮುಳುಗಿರುವ ಕೂಲಂಟಿನ ಶಾಖವನ್ನು. ಕೂಲಂಟ್ ಒಮ್ಮೆಲೇ ಚೆಲ್ಲಿಹೋದರೆ ಸುತ್ತ ಉಳಿಯುವುದು ಗಾಳಿ, ಆವಿ. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಸುಡುತ್ತಿದ್ದರೂ ಅದಕ್ಕೆ ತಡವಾಗಿ ಗೊತ್ತಾಗುತ್ತದೆ. ನನಗೆ ಮೊದಲು ಬಂದದ್ದು ಕೂಲಂಟಿನ ಸಿಹಿ ವಾಸನೆ, ಆಮೇಲೆ ಟಕಟಕ ಸದ್ದು, ಆಮೇಲೆ ಗಾಡಿ ಎಳೆಯದೇ ಹೋದದ್ದು. ಕೆಂಪು ದೀಪ ಬಂದದ್ದು ಎಲ್ಲದರ ಕೊನೆಗೆ, ಗಾಳಿ ತಣ್ಣಗಾಗಿ ಮೂರು ಕಿ.ಮೀ. ಆದ ಮೇಲೆ.

ಟೋ ಮಾಡಿಸಿ ಸಕಲೇಶಪುರ ತಲುಪಿದೆವು. ಮೆಕ್ಯಾನಿಕ್ ಬ್ಯಾಟರಿ ಪಕ್ಕ ಟಾರ್ಚ್ ಬಿಟ್ಟು ತೋರಿಸಿದ. ಥರ್ಮೋಸ್ಟಾಟ್ ಹೌಸಿಂಗಿನ ಪ್ಲಾಸ್ಟಿಕ್ ಕುತ್ತಿಗೆ ಮುರಿದು, ತುಂಡು ಹೋಸ್ ಪೈಪಿನೊಳಗೇ ಉಳಿದಿತ್ತು. ಸುತ್ತಲೂ ಒಣಗಿದ ಕೂಲಂಟಿನ ಗುಲಾಬಿ ಬಣ್ಣದ ಪುಡಿ ಗಟ್ಟಿಯಾಗಿ ಕೂತಿತ್ತು. "ಇದು ಇವತ್ತಿನ ಕತೆ ಅಲ್ಲ ಸಾರ್, ಯಾವಾಗಿಂದ್ಲೋ ಜಿನುಗ್ತಿತ್ತು" ಅಂದ.

ಮನೆಗೆ ಬಂದು ಹಳೇ ಬಿಲ್ ತೆಗೆದೆ. ಕೊನೆಯ ಮೂರೂ ಸರ್ವಿಸಿನಲ್ಲಿ "ಕೂಲಂಟ್ ಟಾಪ್ ಅಪ್" ಅಂತ ಬರೆದು ದುಡ್ಡು ತಗೊಂಡಿದ್ದಾರೆ. ಮುಚ್ಚಿದ ವ್ಯವಸ್ಥೆಯಲ್ಲಿ ಅದು ಪದೇ ಪದೇ ಕಡಿಮೆಯಾಗುವುದು ಯಾಕೆ ಅಂತ ಸರ್ವಿಸ್ ಸೆಂಟರಿನಲ್ಲಿ ಯಾರಿಗೂ ಅನ್ನಿಸಿಲ್ಲ. ಸಹಿ ಹಾಕಿದ ನನಗೂ ಅನ್ನಿಸಿಲ್ಲ ಬಿಡಿ.

ಅದೇ ಸರ್ವಿಸ್ ಸೆಂಟರಿನವರು ಅರ್ಧ ಎಂಜಿನ್ ಬದಲಾಯಿಸಬೇಕು, 1,35,000 ಆಗುತ್ತದೆ ಅಂದರು. ಗಾಡಿ ಎತ್ತಿಸಿ ಪರಿಚಯದ ಗ್ಯಾರೇಜಿಗೆ ಕೊಟ್ಟೆ. ಹೆಡ್ ಬಿಚ್ಚುವಾಗ ಎದುರಿಗೇ ನಿಂತಿದ್ದೆ. ಕೂಲಂಟ್ ಬೆರೆತು ಆಯಿಲ್ ಹಾಲು ಹೆಚ್ಚಾದ ಕಾಫಿ ಬಣ್ಣಕ್ಕೆ ತಿರುಗಿತ್ತು. ಎರಡು ಮತ್ತು ಮೂರನೇ ಸಿಲಿಂಡರ್ ನಡುವೆ ಹೆಡ್ ಅಡಿಯ ಸೀಲಾದ ಗ್ಯಾಸ್ಕೆಟ್ ಸುಟ್ಟು ಕಪ್ಪು ಗೆರೆ. ಅಲ್ಯೂಮಿನಿಯಂ ಹೆಡ್ ಮೇಲೆ ಸ್ಟೀಲ್ ಪಟ್ಟಿ ಇಟ್ಟಾಗ ಅಡಿಯಲ್ಲಿ ಬೆಳಕು ಕಾಣುತ್ತಿತ್ತು, ಸಂದಿ ಅಳೆಯುವ 0.20 ಮಿ.ಮೀ. ಫೀಲರ್ ಗೇಜ್ ಸಲೀಸಾಗಿ ಒಳಹೋಯಿತು. 0.05ಕ್ಕಿಂತ ಹೆಚ್ಚು ಡೊಂಕಿದ್ದರೆ ಫೇಸಿಂಗ್ (ಹೆಡ್ಡಿನ ಮೈ ಉಜ್ಜಿ ಸಮ ಮಾಡುವುದು) ಮಾಡಿಸಲೇಬೇಕು ಅಂದರು. ಫೇಸಿಂಗ್, ಗ್ಯಾಸ್ಕೆಟ್, ಹೆಡ್ ಬೋಲ್ಟ್, ವಾಲ್ವ್ ಸೀಲ್, ವಾಟರ್ ಪಂಪ್, ಕೂಲಿ ಎಲ್ಲ ಸೇರಿ 46,300 ರೂಪಾಯಿ. ಅದರಲ್ಲಿ ಆ ಪ್ಲಾಸ್ಟಿಕ್ ಹೌಸಿಂಗ್ ಬೆಲೆ 780.

ಇನ್ಶೂರೆನ್ಸಿನಲ್ಲಿ ಜೀರೋ ಡೆಪ್ (ಭಾಗಗಳ ಸವಕಳಿ ಕಳೆಯದೆ ಕೊಡುವ ರಕ್ಷಣೆ) ಇತ್ತು, ಎಂಜಿನ್ ಪ್ರೊಟೆಕ್ಷನ್ ಕೂಡ ಇತ್ತು. ಒಂದು ರೂಪಾಯಿ ಹುಟ್ಟಲಿಲ್ಲ. ಎಂಜಿನ್ನಿಗೆ ಹೊರಗಿನ ನೀರು ನುಗ್ಗಿದರೆ, ಅಡಿಗೆ ಕಲ್ಲು ಬಡಿದು ಆಯಿಲ್ ಸೋರಿದರೆ ಕೊಡುತ್ತಾರಂತೆ; ಭಾಗ ಹಳತಾಗಿ ಒಡೆದರೆ ಅದು ಮೆಕ್ಯಾನಿಕಲ್ ಫೇಲ್ಯೂರ್. ಪಾಲಿಸಿಯ ಸಣ್ಣಕ್ಷರ ಓದಿದ್ದರೆ ಅವರ ಜೊತೆ ಜಗಳವಾಡಿದ ಎರಡು ವಾರವಾದರೂ ಉಳಿಯುತ್ತಿತ್ತು.

ಆಮೇಲೆ 14,000 ಕಿ.ಮೀ. ಓಡಿದೆ. ಎಳೆತ ಮೊದಲಿನಂತೆಯೇ ಇದೆ, ಮೈಲೇಜ್ ಒಂದು ಕಡಿಮೆ. ಆದರೆ ಸಾವಿರ ಕಿ.ಮೀ.ಗೆ ಸುಮಾರು 300 ಎಂ.ಎಲ್. ಆಯಿಲ್ ಕುಡಿಯುತ್ತಿದೆ. ಪಿಸ್ಟನ್ ರಿಂಗ್ ಕಾದು ಬಿಗಿ ಕಳೆದುಕೊಂಡಿರಬೇಕು. ಆಗಲೇ ಬದಲಾಯಿಸಿ ಅಂದಿದ್ದರು, ನಾನೇ ದುಡ್ಡು ಉಳಿಸಲು ಹೋದೆ. ಗಾಡಿಯ ಕಂಪ್ಯೂಟರಿನ ಲೆಕ್ಕ ಫೋನಿಗೆ ಕಳಿಸುವ 1,100 ರೂಪಾಯಿಯ ಓಬಿಡಿ ಪಿನ್ ಹಾಕಿಸಿದ್ದೇನೆ. ಫೋನಿನಲ್ಲಿ ಕೂಲಂಟಿನ ಶಾಖದ ಅಂಕಿ ಕಾಣುತ್ತದೆ: ಸಮತಟ್ಟು ರಸ್ತೆಯಲ್ಲಿ 88-92 ಡಿಗ್ರಿ, ಫ್ಯಾನ್ ತಿರುಗುವ ಹೊತ್ತಿಗೆ 97. ಅದೂ ಅದೇ ಸೆನ್ಸರಿನ ಲೆಕ್ಕವಾದ್ದರಿಂದ ಅಂಕಿ ದಿಢೀರ್ ಏರಿದರೂ ಇಳಿದರೂ ಗಾಡಿ ನಿಲ್ಲಿಸುತ್ತೇನೆ. ಭಾನುವಾರ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲಂಟ್ ಡಬ್ಬಿಯ ಗೆರೆ ನೋಡುತ್ತೇನೆ.

ಗಾಡಿಗೆ ಐದರಲ್ಲಿ ಮೂರೂವರೆ, ಸರ್ವಿಸಿಗೆ ಒಂದು. ಇಂಥ ಗಾಡಿ ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಬಣ್ಣ, ಸೀಟು ಆಮೇಲೆ. ಮೊದಲು ಟಾರ್ಚ್ ಹಿಡಿದು ಥರ್ಮೋಸ್ಟಾಟ್ ಹೌಸಿಂಗ್ ಸುತ್ತ ಒಣಗಿದ ಕೂಲಂಟ್ ಪುಡಿ ಇದೆಯಾ ನೋಡಿ. ನನ್ನದನ್ನೇ ಕೊಳ್ಳಲು ಕೇಳಿಕೊಂಡು ಇಬ್ಬರು ಫೋನ್ ಮಾಡಿದ್ದರು. ಆಯಿಲ್ ಕುಡಿಯುವ ವಿಷಯ ಹೇಳಿದೆ. "ಮನೆಯಲ್ಲಿ ಕೇಳಿ ಹೇಳ್ತೀವಿ" ಅಂದವರು ಇನ್ನೂ ಕೇಳುತ್ತಲೇ ಇದ್ದಾರೆ.