ಮೆರೆದದ್ದು ಏರ್, ಕೊಳ್ಳತಕ್ಕದ್ದು ಐಫೋನ್ 17

ಆ್ಯಪಲ್ ಕಂಪನಿ 2025ರ ಸೆಪ್ಟೆಂಬರ್ 9ರಂದು ಪರಿಚಯಿಸಿದ ಫೋನುಗಳಲ್ಲಿ ಹೆಚ್ಚು ಮೆರೆದದ್ದು ಐಫೋನ್ ಏರ್. ಕೊಳ್ಳಲು ಯೋಗ್ಯವಾದದ್ದು ಮಾತ್ರ, ರೂಪದಲ್ಲಾಗಲಿ ಹೆಸರಿನಲ್ಲಾಗಲಿ ಯಾವ ವಿಶೇಷವೂ ಕಾಣದ ಐಫೋನ್ 17 ಎಂಬುದು ನನ್ನ ಅಭಿಪ್ರಾಯ. ಈ ಮಾತು ಆ ಎರಡು ಫೋನುಗಳಿಗಷ್ಟೇ ಅನ್ವಯಿಸುವುದಿಲ್ಲ. 2024ರಿಂದ ಈಚೆಗೆ ಈ ಕಂಪನಿ ತಂದ ಸರಕು ಮತ್ತು ಸೇವೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಅಬ್ಬರದಿಂದ ಬಂದವುಗಳಲ್ಲಿ ಹಲವು ಅರೆಬೆಂದಂತಿವೆ. ಸದ್ದಿಲ್ಲದೆ ಸುಧಾರಿಸಿದವು ಕೊಟ್ಟ ಹಣಕ್ಕೆ ನ್ಯಾಯ ಒದಗಿಸುತ್ತಿವೆ.

ಮೊದಲು ಏರ್ ವಿಚಾರ. 5.6 ಮಿಲಿಮೀಟರ್ ದಪ್ಪ, 165 ಗ್ರಾಂ ತೂಕ, ಟೈಟಾನಿಯಂ ಚೌಕಟ್ಟು, 6.5 ಇಂಚಿನ ಪರದೆ. ಇಷ್ಟನ್ನು ಇಷ್ಟು ತೆಳ್ಳಗೆ ಕಟ್ಟಿದ ಎಂಜಿನಿಯರುಗಳ ಕೌಶಲವನ್ನು ಮೆಚ್ಚದಿರಲಾಗದು. ಆದರೆ ಆ ತೆಳುವಿಗಾಗಿ ಬಿಟ್ಟುಕೊಟ್ಟದ್ದೇನೆಂದು ಕೇಳಿದಾಗ ಪಟ್ಟಿ ಉದ್ದವಾಗುತ್ತದೆ. ಹಿಂಬದಿಯಲ್ಲಿ ಒಂದೇ ಕ್ಯಾಮೆರಾ ಇರುವುದರಿಂದ ವಿಶಾಲ ಕೋನದ ಚಿತ್ರವೂ ಇಲ್ಲ, ಹೂವಿನ ಕೇಸರವನ್ನೋ ಇರುವೆಯನ್ನೋ ತೀರ ಹತ್ತಿರದಿಂದ ಸೆರೆಹಿಡಿಯುವ ಮ್ಯಾಕ್ರೋ ಸೌಲಭ್ಯವೂ ಇಲ್ಲ. ಕೆಳಬದಿಯ ಸ್ಪೀಕರನ್ನು ತೆಗೆದುಹಾಕಲಾಗಿದೆ. ಸಿಮ್ ಕಾರ್ಡ್ ಹಾಕುವ ಜಾಗವೇ ಇಲ್ಲದಿರುವುದರಿಂದ ಎಲ್ಲ ದೇಶಗಳಲ್ಲೂ ಇ-ಸಿಮ್ ಒಂದೇ ಗತಿ. ಇನ್ನು, ಈ ಫೋನು ಬಂದ ದಿನವೇ ಇದರ ಬೆನ್ನಿಗೆ ಅಂಟಿಸಿಕೊಳ್ಳಲೆಂದು ಕಂಪನಿ ಪ್ರತ್ಯೇಕ ಬ್ಯಾಟರಿಯೊಂದನ್ನೂ ಮಾರಾಟಕ್ಕಿಟ್ಟಿತು. ತೆಳುವೇ ಗುಣವೆಂದು ಹೊಗಳಿದ ಬಾಯಲ್ಲೇ ಅದನ್ನು ದಪ್ಪ ಮಾಡುವ ವಸ್ತುವನ್ನೂ ಹೊಗಳುವುದು ಹೇಗೆ ಸಾಧ್ಯವೆಂದು ನನಗೆ ಇನ್ನೂ ಅರ್ಥವಾಗಿಲ್ಲ.

ಅಮೆರಿಕದಲ್ಲಿ ಏರ್‌ನ ಆರಂಭಿಕ ಬೆಲೆ 999 ಡಾಲರ್. ಐಫೋನ್ 17ರದ್ದು 799. ಇನ್ನೂರು ಡಾಲರ್ ಕಡಿಮೆ ಕೊಟ್ಟವರಿಗೆ ಹಿಂಬದಿಯಲ್ಲಿ 48 ಮೆಗಾಪಿಕ್ಸೆಲ್‌ನ ಎರಡು ಕ್ಯಾಮೆರಾಗಳು ದೊರೆಯುತ್ತವೆ, ವಿಡಿಯೊ ನೋಡುವಾಗ ಬ್ಯಾಟರಿ ಹೆಚ್ಚು ಹೊತ್ತು ಬಾಳುತ್ತದೆ. ಕಂಪನಿಯ ಲೆಕ್ಕದಲ್ಲೇ ಏರ್ 27 ಗಂಟೆ, 17 ಅದಕ್ಕಿಂತ ಮೂರು ಗಂಟೆ ಹೆಚ್ಚು. ಆರಂಭಿಕ ಸಂಗ್ರಹ ಸಾಮರ್ಥ್ಯ 128 ಜಿಬಿಯಿಂದ 256 ಜಿಬಿಗೆ ಏರಿದ್ದರೂ ಬೆಲೆ ಐಫೋನ್ 16ರಷ್ಟೇ ಉಳಿದಿದೆ. 2021ರಲ್ಲಿ 13 ಪ್ರೊ ಮಾದರಿಗಳೊಂದಿಗೆ ಬಂದ, ಸೆಕೆಂಡಿಗೆ 120 ಬಾರಿಯವರೆಗೆ ಚಿತ್ರ ಬದಲಿಸುವ 120 ಹರ್ಟ್ಸ್ ಪರದೆ ಕೊನೆಗೂ ಸಾಧಾರಣ ಮಾದರಿಗೆ ಇಳಿದಿದೆ. ಇದಕ್ಕೆ ನಾಲ್ಕು ವರ್ಷ ಬೇಕಾಯಿತೆಂಬುದು ಮಾತ್ರ ಹೆಮ್ಮೆಪಡುವ ಸಂಗತಿಯಲ್ಲ, ಏಕೆಂದರೆ ಆಂಡ್ರಾಯ್ಡ್ ಫೋನುಗಳಲ್ಲಿ ಇದರ ಅರ್ಧಕ್ಕಿಂತ ಕಡಿಮೆ ಬೆಲೆಯವೂ ಅದನ್ನು ಎಂದೋ ಕೊಟ್ಟಿದ್ದವು.

ನನ್ನನ್ನು ಹೆಚ್ಚು ಮೆಚ್ಚಿಸಿದ್ದು ಮುಂಬದಿಯ ಕ್ಯಾಮೆರಾ. ಅದರ ಸೆನ್ಸರ್ ಚೌಕಾಕಾರದ್ದಾಗಿರುವುದರಿಂದ ಫೋನನ್ನು ನೇರವಾಗಿ ಹಿಡಿದೇ ಅಡ್ಡ ಚಿತ್ರ ತೆಗೆಯಬಹುದು. ಗುಂಪಿನ ಚಿತ್ರ ತೆಗೆಯುವಾಗ ಫೋನನ್ನು ಅಡ್ಡ ತಿರುಗಿಸಿ, ಕೈಯನ್ನು ಅಷ್ಟುದ್ದ ಚಾಚಿ, ಹೆಬ್ಬೆರಳಿನಿಂದ ಗುಂಡಿ ಹುಡುಕುವ ಸರ್ಕಸ್ಸು ತಪ್ಪಿತು. ಇಷ್ಟು ಸರಳವಾದ ಪರಿಹಾರ ಮೊದಲೇ ಏಕೆ ಯಾರಿಗೂ ಹೊಳೆಯಲಿಲ್ಲವೆಂದು ಅನ್ನಿಸುವಂತಹ ಕೆಲಸ ಇದು. ಏರ್‌ನಲ್ಲೂ ಈ ಕ್ಯಾಮೆರಾ ಇದೆಯೆಂಬುದನ್ನು ನ್ಯಾಯವಾಗಿ ಹೇಳಬೇಕು. ಕೊರತೆಯೆಂದರೆ ಯುಎಸ್‌ಬಿ-ಸಿ ಕಿಂಡಿ: ಆಕಾರ ಹೊಸದಾದರೂ ದತ್ತಾಂಶ ಸಾಗುವ ವೇಗ ಇನ್ನೂ ಯುಎಸ್‌ಬಿ 2ರದ್ದೇ, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 480 ಮೆಗಾಬಿಟ್. ದೊಡ್ಡ ವಿಡಿಯೊಗಳನ್ನು ತಂತಿಯ ಮೂಲಕ ಕಂಪ್ಯೂಟರಿಗೆ ವರ್ಗಾಯಿಸುವವರು ಪ್ರೊ ಮಾದರಿಯನ್ನೇ ನೋಡಬೇಕು.

ಇದೇ ಫೋನುಗಳೊಂದಿಗೆ ಬಂದ, ಅವನ್ನು ನಡೆಸುವ ತಂತ್ರಾಂಶವಾದ ಐಒಎಸ್ 26ರ ಲಿಕ್ವಿಡ್ ಗ್ಲಾಸ್ ವಿನ್ಯಾಸದ ಬಗ್ಗೆ ನನಗೆ ಒಳ್ಳೆಯ ಮಾತು ಹೆಚ್ಚಿಲ್ಲ. ಗುಂಡಿಗಳೂ ಪಟ್ಟಿಗಳೂ ಗಾಜಿನಂತೆ ಹಿಂದಿನದನ್ನು ತೋರಿಸುತ್ತಾ ಬೆಳಕನ್ನು ಬಾಗಿಸುವುದು ನೋಡಲು ಚೆಂದ, ಓದಲು ಅಲ್ಲ. ಹಿನ್ನೆಲೆಯಲ್ಲಿ ಬಣ್ಣಬಣ್ಣದ ಚಿತ್ರವಿದ್ದರೆ ಅದರ ಮೇಲಿನ ಅಕ್ಷರಗಳು ಕರಗಿಹೋಗುತ್ತವೆ. ಈ ಬಗ್ಗೆ ವ್ಯಾಪಕ ಆಕ್ಷೇಪ ಬಂದ ಮೇಲೆ 26.1 ಅಪ್‌ಡೇಟಿನಲ್ಲಿ ಪಾರದರ್ಶಕತೆಯನ್ನು ತಗ್ಗಿಸುವ ಆಯ್ಕೆಯೊಂದನ್ನು ಕಂಪನಿ ಸೇರಿಸಿತು. ಐಒಎಸ್ 26ರಲ್ಲೇ ಬಂದ ಒಂದು ಚಿಕ್ಕ ಸೌಲಭ್ಯ ಇದಕ್ಕಿಂತ ಎಷ್ಟೋ ಉಪಯುಕ್ತ: ಅಪರಿಚಿತ ಸಂಖ್ಯೆಯಿಂದ ಕರೆ ಬಂದರೆ ಫೋನೇ ಮೊದಲು ಮಾತಾಡಿ ಕರೆದವರ ಹೆಸರು ಮತ್ತು ಕಾರಣವನ್ನು ಕೇಳಿ ನಮ್ಮ ಮುಂದಿಡುತ್ತದೆ, ಎತ್ತುವುದೋ ಬಿಡುವುದೋ ನಮ್ಮ ಇಷ್ಟ.

ಕೃತಕ ಬುದ್ಧಿಮತ್ತೆಯ ವಿಚಾರದಲ್ಲಿ ಇನ್ನಷ್ಟು ಕಟುವಾಗಿ ಹೇಳಬೇಕಾಗುತ್ತದೆ. 2024ರ ಜೂನ್‌ನಲ್ಲಿ ಆ್ಯಪಲ್ ಇಂಟೆಲಿಜೆನ್ಸ್ ಘೋಷಣೆಯಾದಾಗ, ನಮ್ಮ ಇಮೇಲ್ ಮತ್ತು ಸಂದೇಶಗಳನ್ನು ತಾನೇ ಜಾಲಾಡಿ, ತಾಯಿಯ ವಿಮಾನ ಎಷ್ಟು ಗಂಟೆಗೆ ಇಳಿಯುತ್ತದೆಂಬಂತಹ ಪ್ರಶ್ನೆಗೆ ಉತ್ತರಿಸುವ, ಹೊಸ ರೂಪದ ಧ್ವನಿ ಸಹಾಯಕಿ ಸಿರಿಯನ್ನು ತೋರಿಸಲಾಯಿತು. ಆ ವರ್ಷದ ಐಫೋನ್ 16ರ ಜಾಹೀರಾತುಗಳೂ ಅದನ್ನೇ ಮುಂದಿಟ್ಟುಕೊಂಡು ಫೋನು ಮಾರಿದವು. 2025ರ ಮಾರ್ಚಿನಲ್ಲಿ ಆ ಸಿರಿ ತಡವಾಗುತ್ತದೆಂದು ಕಂಪನಿ ಒಪ್ಪಿಕೊಂಡಿತು, ಜಾಹೀರಾತನ್ನೂ ಹಿಂತೆಗೆಯಿತು. ಆದರೆ ಆ ಮಾತನ್ನು ನಂಬಿ ಫೋನು ಕೊಂಡವರು ಅಷ್ಟರಲ್ಲಿ ಹಣ ಕೊಟ್ಟಾಗಿತ್ತು. ನೋಟಿಫಿಕೇಷನ್‌ಗಳ ಸಾರಾಂಶ ಬರೆಯುವ ಸೌಲಭ್ಯವಂತೂ ಬಿಬಿಸಿಯ ಹೆಸರಿನಲ್ಲಿ ಸುಳ್ಳು ಸುದ್ದಿ ತೋರಿಸಿ, ಸಂಸ್ಥೆ ದೂರಿದ ಮೇಲೆ 2025ರ ಜನವರಿಯಲ್ಲಿ ಸುದ್ದಿ ಆ್ಯಪ್‌ಗಳ ಮಟ್ಟಿಗೆ ಸ್ಥಗಿತಗೊಂಡಿತು. ಮಾಡದ ಕೆಲಸಕ್ಕೆ ಮುಂಗಡ ಪಡೆಯುವುದು ಸಣ್ಣ ವ್ಯಾಪಾರಿಗೂ ಶೋಭಿಸದು, ಇಷ್ಟು ದೊಡ್ಡ ಕಂಪನಿಗೆ ಸುತರಾಂ ಅಲ್ಲ.

ಇಷ್ಟಾದರೂ ಈ ಸೇವೆಯ ತಳಹದಿಯಲ್ಲಿ ಗೌರವಿಸಬೇಕಾದ ಒಂದು ಅಂಶವಿದೆ. ಸಾಧ್ಯವಾದಷ್ಟು ಕೆಲಸ ಫೋನಿನೊಳಗೇ ನಡೆಯುತ್ತದೆ. ಅದಕ್ಕೆ ಮೀರಿದ್ದು ಕಂಪನಿಯ ಸ್ವಂತ ಚಿಪ್‌ಗಳಿರುವ ಸರ್ವರ್‌ಗೆ ಹೋದಾಗಲೂ ನಮ್ಮ ಮಾಹಿತಿಯನ್ನು ಅಲ್ಲಿ ಉಳಿಸಿಕೊಳ್ಳುವುದಿಲ್ಲವೆಂಬುದು ಕಂಪನಿಯ ವಾಗ್ದಾನ, ಮತ್ತು ಆ ವಾಗ್ದಾನವನ್ನು ಹೊರಗಿನ ಭದ್ರತಾ ಸಂಶೋಧಕರು ಪರೀಕ್ಷಿಸಲೆಂದು ಸರ್ವರ್ ತಂತ್ರಾಂಶವನ್ನು ಅವರ ಮುಂದಿಡುವ ವ್ಯವಸ್ಥೆಯೂ ಇದೆ. ಬಳಕೆದಾರರ ಮಾತುಗಳನ್ನೆಲ್ಲ ತನ್ನ ಗೋದಾಮಿಗೆ ತುಂಬಿಕೊಳ್ಳುವುದೇ ವಾಡಿಕೆಯಾಗಿರುವ ಈ ಉದ್ಯಮದಲ್ಲಿ ಇದು ಸಣ್ಣ ಮಾತಲ್ಲ.

ಕಂಪನಿಯ ತಂತಿಯಿಲ್ಲದ ಇಯರ್‌ಫೋನ್ ಏರ್‌ಪಾಡ್ಸ್ ಪ್ರೊ 3ರ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಗದ್ದಲವನ್ನು ಅಡಗಿಸುವ ಶಕ್ತಿ ಹೆಚ್ಚಿದೆ, ಒಂದೇ ಚಾರ್ಜಿನಲ್ಲಿ ಕೇಳಬಹುದಾದ ಅವಧಿ ಎಂಟು ಗಂಟೆಗೆ ಏರಿದೆ, ಹೃದಯದ ಬಡಿತವನ್ನೂ ಅಳೆಯುತ್ತದೆ. ಪೆಟ್ಟಿಗೆಯ ಚಾರ್ಜನ್ನೂ ಸೇರಿಸಿದ ಒಟ್ಟು ಅವಧಿ ಮಾತ್ರ ಹಿಂದಿನ ಮಾದರಿಯ 30 ಗಂಟೆಯಿಂದ 24ಕ್ಕೆ ಇಳಿದಿದೆ. ನನ್ನ ದೃಷ್ಟಿಯಲ್ಲಿ ಈ ಸಾಲಿನ ಅತ್ಯುತ್ತಮ ಕೊಡುಗೆ 2024ರಲ್ಲೇ ಪ್ರೊ 2ಕ್ಕೆ ತಂತ್ರಾಂಶದ ಮೂಲಕ ಉಚಿತವಾಗಿ ಬಂದ ಶ್ರವಣ ಸಾಧನದ ಸೌಲಭ್ಯ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದಕ್ಕೆ ಮನ್ನಣೆ ನೀಡಿದೆ. ಸ್ವಲ್ಪದಿಂದ ಮಧ್ಯಮ ಮಟ್ಟದ ಕಿವುಡಿರುವ, ಆದರೆ ಶ್ರವಣ ಸಾಧನ ಹಾಕಿಕೊಳ್ಳಲು ಸಂಕೋಚಪಡುವ ವಯಸ್ಕರಿಗೆ ಇದೊಂದು ಮರ್ಯಾದೆಯ ದಾರಿ.

ಕೊನೆಯದಾಗಿ, ಫೋನಿನ ಚಿತ್ರ, ಮಾಹಿತಿಗಳನ್ನು ಕಂಪನಿಯ ಸರ್ವರ್‌ಗಳಲ್ಲಿ ಉಳಿಸಿಡುವ ಐಕ್ಲೌಡ್. 2011ರಲ್ಲಿ ಈ ಸೇವೆ ಆರಂಭವಾದಾಗ ಉಚಿತವಾಗಿ 5 ಜಿಬಿ ಸ್ಥಳ ಸಿಗುತ್ತಿತ್ತು, ಆ ವರ್ಷದ ಐಫೋನ್ 4ಎಸ್‌ನ ಆರಂಭಿಕ ಸಾಮರ್ಥ್ಯ 16 ಜಿಬಿ. ಎಂದರೆ ಫೋನಿನ ಸುಮಾರು ಮೂರನೆಯ ಒಂದು ಭಾಗ ಉಚಿತ ಸ್ಥಳದಲ್ಲಿ ಹಿಡಿಯುತ್ತಿತ್ತು. ಈಗ ಫೋನು 256 ಜಿಬಿಯದಾಗಿದೆ, ಉಚಿತ ಸ್ಥಳ ಇಂದಿಗೂ ಅದೇ 5 ಜಿಬಿ; ಐವತ್ತರಲ್ಲಿ ಒಂದು ಪಾಲೂ ಇಲ್ಲ. ಸೇವೆಗಳಿಂದಲೇ 2025ರ ಆರ್ಥಿಕ ವರ್ಷದಲ್ಲಿ 100 ಬಿಲಿಯನ್ ಡಾಲರಿಗೂ ಹೆಚ್ಚು ವರಮಾನ ಪಡೆದ ಕಂಪನಿಯ ಈ ಜಿಪುಣತನಕ್ಕೆ ಸಮರ್ಥನೆಯಿಲ್ಲ. ಐಫೋನ್ 17 ಕೊಳ್ಳುವವರು ಐಕ್ಲೌಡ್‌ನ ಹೆಚ್ಚಿನ ಸ್ಥಳಕ್ಕೆ ಕೊಡಬೇಕಾದ ತಿಂಗಳ ಬಾಡಿಗೆಯನ್ನೂ ಬೆಲೆಯ ಭಾಗವೆಂದೇ ಎಣಿಸಿಕೊಳ್ಳಬೇಕು, ಇಲ್ಲವೇ ಚಿತ್ರಗಳನ್ನು ಕಂಪ್ಯೂಟರಿಗೆ ಬ್ಯಾಕಪ್ ಮಾಡಿಟ್ಟುಕೊಳ್ಳುವ ಅಭ್ಯಾಸವನ್ನು ಮೊದಲ ವಾರದಲ್ಲೇ ರೂಢಿಸಿಕೊಳ್ಳಬೇಕು.