ಸಾವಿರ ಸಿ.ಸಿ. ಜಿಪ್ಸಿ: ಬಹುಕಾಲದ ಬಳಕೆಯ ವಿಮರ್ಶೆ, ಮತ್ತು ಅದಕ್ಕೊಂದು ತಕ್ಕ ಮನೆ ಹುಡುಕಿದ ಬಗೆ

ಮಾರುತಿ ಜಿಪ್ಸಿಯ ಮೊದಲ ಮಾದರಿಯಾದ ಎಂ.ಜಿ. 410 ಗಾಡಿಯನ್ನು, ಅಂದರೆ 970 ಸಿ.ಸಿ. (ಮಾತಿನಲ್ಲಿ ಸಾವಿರ ಸಿ.ಸಿ.) ಎಂಜಿನ್, ನಾಲ್ಕು ಗೇರು ಮತ್ತು ಕ್ಯಾನ್ವಾಸ್ ಹುಡ್ ಇರುವ ಜಿಪ್ಸಿಯನ್ನು, ಬಹುಕಾಲ ಬಳಸಿ ಈಚೆಗೆ ಬೇರೊಂದು ಮನೆಗೆ ಒಪ್ಪಿಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಶಿರಸಿ ತಾಲ್ಲೂಕಿನ ನಮ್ಮ ಮನೆಗೆ ಅದು ತೊಂಬತ್ತರ ದಶಕದ ಆರಂಭದಲ್ಲಿ ಹೊಸದಾಗಿಯೇ ಬಂದಿತ್ತು. ಮೊದಲು ಅಪ್ಪಯ್ಯ ಓಡಿಸಿದರು, ಆಮೇಲೆ ನಾನು. ಅವರಿಗೆ ಮಂಡಿನೋವಿನಿಂದ ಕ್ಲಚ್ ತುಳಿಯುವುದು ಕಷ್ಟವಾಯಿತು. ನನಗೆ ಕಾರವಾರಕ್ಕೆ ವರ್ಗವಾಯಿತು. ನಮ್ಮ ಜಿಲ್ಲೆಯಲ್ಲಿ ಇಂಥ ಗಾಡಿಯನ್ನು ಇಟ್ಟುಕೊಂಡವರೂ ಕೊಳ್ಳಬಯಸುವವರೂ ಇನ್ನೂ ಇದ್ದಾರೆ. ಮಾರುವುದೋ ಇಟ್ಟುಕೊಳ್ಳುವುದೋ ಎಂಬ ಯೋಚನೆಯಲ್ಲಿರುವವರಿಗೆ ಇದು ಉಪಯೋಗವಾಗಲಿ ಎಂಬುದು ನನ್ನ ಆಸೆ.

ಹೆಸರು ಮಾರುತಿಯದಾದರೂ ಗಾಡಿಯ ಹುಟ್ಟು ಜಪಾನಿನದು. ಸುಜುಕಿ ಕಂಪನಿಯ ಜಿಮ್ನಿ ವಂಶ 1970ರಲ್ಲಿ ಶುರುವಾಗಿ, ಅದರ ಎರಡನೆಯ ತಲೆಮಾರು 1981ರಲ್ಲಿ ಬಂತು. ಆ ತಲೆಮಾರಿನ ಎಸ್.ಜೆ. 410 ಎಂಬ ಮಾದರಿಯೇ, 2375 ಮಿ.ಮೀ. ವೀಲ್‌ಬೇಸಿನ ಉದ್ದನೆಯ ಚಾಸಿಯೊಂದಿಗೆ, 1985ರಲ್ಲಿ ನಮ್ಮ ದೇಶದಲ್ಲಿ ಜಿಪ್ಸಿಯಾಯಿತು. 1996ರಲ್ಲಿ ಜಿಪ್ಸಿ ಕಿಂಗ್ ಎಂಬ ಹೆಸರಿನಲ್ಲಿ 1298 ಸಿ.ಸಿ. ಎಂಜಿನ್ ಬಂತು, 2019ರಲ್ಲಿ ಜನಸಾಮಾನ್ಯರಿಗೆ ಜಿಪ್ಸಿಯ ಮಾರಾಟ ನಿಂತು, 2023ರ ಜೂನಿನಲ್ಲಿ ಐದು ಬಾಗಿಲಿನ ಜಿಮ್ನಿ ಮಾರಾಟಕ್ಕೆ ಬಂತು. ಇಂದು ರಸ್ತೆಯ ಮೇಲೆ ಕಾಣುವ ಜಿಪ್ಸಿಗಳಲ್ಲಿ ಹೆಚ್ಚಿನವು ಕಿಂಗ್ ಮಾದರಿಯವು. ಸಾವಿರ ಸಿ.ಸಿ.ಯ ಹಳೆಯ ಗಾಡಿಗಳು ಉಳಿದಿದ್ದರೂ ಅವುಗಳಲ್ಲಿ ಅನೇಕವಕ್ಕೆ ದೊಡ್ಡ ಎಂಜಿನ್, ಎತ್ತರದ ಕಮಾನು (ಸ್ಪ್ರಿಂಗು), ಅಗಲವಾದ ಟೈರು ಹಾಕಿಯಾಗಿದೆ. ಕಾರ್ಖಾನೆಯಿಂದ ಬಂದ ಎಂಜಿನ್, ಅದೇ ಕಾರ್ಬುರೇಟರ್, ಎದುರುಬದುರು ಬೆಂಚು ಮತ್ತು ಮೂಲದ ಅಳತೆಯ ಚಕ್ರಗಳೊಂದಿಗೆ ಉಳಿದಿರುವ ಗಾಡಿ ಈಗ ನಿಜವಾಗಿಯೂ ಅಪರೂಪ.

ಓಡಿಸುವ ಅನುಭವವನ್ನು ಹೇಳುವಾಗ ಊರಿನ ರಸ್ತೆಯನ್ನು ಬಿಟ್ಟು ಹೇಳಲಾಗುವುದಿಲ್ಲ. ಸುಮಾರು 45 ಅಶ್ವಶಕ್ತಿಯ ಎಂಜಿನ್ನಿಗೆ ಹೆದ್ದಾರಿ ಹೇಳಿಸಿದ್ದಲ್ಲ. ಅಂಕೋಲಾದಿಂದ ಭಟ್ಕಳದವರೆಗಿನ ಚತುಷ್ಪಥದಲ್ಲಿ ಗಂಟೆಗೆ ಎಂಬತ್ತು ಕಿಲೋಮೀಟರು ದಾಟಿದರೆ ಎಂಜಿನ್ನಿನ ಸದ್ದು ಮಾತನ್ನು ಮುಚ್ಚಿಬಿಡುತ್ತದೆ, ಹುಡ್ ಪಟಪಟನೆ ಬಡಿದುಕೊಳ್ಳುತ್ತದೆ, ಐದನೆಯ ಗೇರಿಲ್ಲ ಎಂಬುದು ಕ್ಷಣಕ್ಷಣಕ್ಕೂ ನೆನಪಾಗುತ್ತದೆ. ಅದೇ ಗಾಡಿ ದೇವಿಮನೆ ಘಟ್ಟದ ತಿರುವುಗಳಲ್ಲಿ ಎರಡನೆಯ ಗೇರಿನಲ್ಲಿ ಬ್ರೇಕನ್ನು ಹೆಚ್ಚು ಬೇಡದೆ ಇಳಿಯುತ್ತದೆ. ಸೊಪ್ಪಿನ ಬೆಟ್ಟದಿಂದ ದರಕು, ಅಂದರೆ ಒಣಗಿದ ಎಲೆ, ತರುವಾಗ, ಜುಲೈ ತಿಂಗಳಲ್ಲಿ ತೋಟದ ಇಳಿಜಾರಿನ ಕೆಸರಿನಲ್ಲಿ ಗೊಬ್ಬರದ ಚೀಲ ಹೇರಿಕೊಂಡು ಏರುವಾಗ, ಚಿಕ್ಕ ಲಿವರನ್ನು ಫೋರ್ ಲೋ (ನಾಲ್ಕೂ ಚಕ್ರಗಳಿಗೆ ನಿಧಾನದ, ಹೆಚ್ಚು ಬಲದ ಗೇರು) ಸ್ಥಾನಕ್ಕೆ ಹಾಕಿದರೆ ಸಾಕು, ಆಕ್ಸಿಲರೇಟರನ್ನು ಅಷ್ಟಾಗಿ ಒತ್ತದೆ, ಮನುಷ್ಯ ನಡೆಯುವ ವೇಗದಲ್ಲಿ ಒಂದೇ ಸಮನೆ ಹತ್ತುತ್ತದೆ. ಭಾರ ಕಡಿಮೆ ಇರುವುದರಿಂದ ದೊಡ್ಡ ಗಾಡಿಗಳು ಹೂತುಕೊಳ್ಳುವಲ್ಲಿಯೂ ಇದು ಮೇಲೆಯೇ ತೇಲಿದಂತೆ ದಾಟಿಹೋಗುತ್ತದೆ. ಒಂದು ಎಚ್ಚರಿಕೆ ಬೇಕು: ಇದರಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಮಧ್ಯದ ಡಿಫರೆನ್ಷಿಯಲ್ ಇಲ್ಲದಿರುವುದರಿಂದ ಒಣಗಿದ ಡಾಂಬರಿನ ಮೇಲೆ ಫೋರ್ ವೀಲ್ ಹಾಕಿಕೊಂಡು ತಿರುಗಿಸಬಾರದು, ಸ್ಟೇರಿಂಗ್ ಬಿಗಿಯುತ್ತದೆ, ಗೇರಿನ ಪೆಟ್ಟಿಗೆಗೆ ಪೆಟ್ಟು ಬೀಳುತ್ತದೆ. ನಾಲ್ಕೂ ಚಕ್ರಗಳಿಗೆ ಲೀಫ್ ಕಮಾನುಗಳೇ ಇರುವುದರಿಂದ ಹಿಂದಿನ ಬೆಂಚಿನಲ್ಲಿ ಕುಳಿತವರ ಬೆನ್ನಿಗೆ ಸುಖವಿಲ್ಲ. ಆಯಿ ಮುಂದಿನ ಸೀಟಿನ ಹೊರತು ಬೇರೆಲ್ಲಿಯೂ ಕೂರಲು ಒಪ್ಪುತ್ತಿರಲಿಲ್ಲ, ಅದು ನ್ಯಾಯವಾಗಿಯೇ ಇತ್ತು. ಮೈಲೇಜು ಗಾತ್ರಕ್ಕೆ ಹೋಲಿಸಿದರೆ ಕಡಿಮೆ.

ನಮ್ಮ ಸೀಮೆಯಲ್ಲಿ ಈ ಗಾಡಿಯ ಆಯುಷ್ಯವನ್ನು ನಿರ್ಧರಿಸುವುದು ಎಂಜಿನ್ ಅಲ್ಲ, ತಗಡು. ಎಂಜಿನ್ನಿಗೆ ಸಮಯಕ್ಕೆ ಸರಿಯಾಗಿ ಎಣ್ಣೆ ಬದಲಿಸಿ, ಟ್ಯಾಪೆಟ್ ಹೊಂದಿಸಿಕೊಂಡಿದ್ದರೆ ಅದು ದೂರು ಹೇಳುವುದಿಲ್ಲ. ತಗಡು ಹಾಗಲ್ಲ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಸುರಿಯುವ ಮಳೆ, ಘಟ್ಟದ ಮೇಲೆ ತಿಂಗಳುಗಟ್ಟಲೆ ಆರದ ತೇವ, ಇವೆರಡೂ ಒಳಗಿನಿಂದ ಕೆಲಸ ಮಾಡುತ್ತವೆ. ಮುಂದಿನ ಸೀಟಿನ ಕೆಳಗಿರುವ ರಬ್ಬರು ಹಾಸನ್ನು ಎತ್ತಿದಾಗ ಅಡಿಯಲ್ಲಿ ನೀರು ನಿಂತಿದ್ದರೆ ರೋಗ ಅಲ್ಲಿಂದಲೇ ಶುರು. ಅಡಿತಗಡಿನಲ್ಲಿರುವ ನೀರು ಹೋಗುವ ತೂತುಗಳಿಗೆ ಮಣ್ಣು ಕಟ್ಟಿಕೊಳ್ಳುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕಡ್ಡಿ ಹಾಕಿ ಅದನ್ನು ಬಿಡಿಸುವುದು ಐದು ನಿಮಿಷದ ಕೆಲಸ, ಬಿಟ್ಟರೆ ಟಿಂಕರಿಂಗ್ ಅಂಗಡಿಯಲ್ಲಿ ತಿಂಗಳ ಕೆಲಸ. ಕೊಳ್ಳುವವರು ಮೇಲಿನ ಹೊಳೆಯುವ ಬಣ್ಣವನ್ನು ನೋಡದೆ, ಸ್ಕ್ರೂಡ್ರೈವರಿನ ಹಿಡಿಯಿಂದ ಅಡಿತಗಡನ್ನು ಉದ್ದಕ್ಕೂ ತಟ್ಟುತ್ತಾ ಹೋಗಬೇಕು. ಗಟ್ಟಿ ತಗಡಿಗೆ ಟಣ್ ಎಂಬ ಸದ್ದು, ಕೊಳೆತಿದ್ದಕ್ಕೆ ಅಥವಾ ಪುಟ್ಟಿ ಮೆತ್ತಿದ್ದಕ್ಕೆ ಮಂದವಾದ ಸದ್ದು. ಜೊತೆಗೊಂದು ಅಯಸ್ಕಾಂತ ಇಟ್ಟುಕೊಂಡರೆ ಇನ್ನೂ ಒಳ್ಳೆಯದು, ಪುಟ್ಟಿ ಇರುವಲ್ಲಿ ಅದು ಕಚ್ಚುವುದಿಲ್ಲ.

ನಿಲ್ಲಿಸುವ ಜಾಗದ ವಿಷಯದಲ್ಲಿ ನಮ್ಮ ಹಳೆಯ ಮನೆಯ ರಚನೆ ತಾನಾಗಿಯೇ ನೆರವಾಯಿತು. ಗಾಡಿ ನಿಲ್ಲುತ್ತಿದ್ದುದು ಬಚ್ಚಲಿನ ಗೋಡೆಗೆ ತಾಗಿದ ಹಂಚಿನ ಮಾಡಿನ ಕೆಳಗೆ. ಮಳೆಗಾಲವಿಡೀ ಬಚ್ಚಲೊಲೆ ಉರಿಯುತ್ತಿದ್ದುದರಿಂದ ಆ ಗೋಡೆ ಬೆಚ್ಚಗಿದ್ದು, ಸುತ್ತಲಿನ ಗಾಳಿ ಒಣಗಿರುತ್ತಿತ್ತು. ಚಿರೆಕಲ್ಲಿನ ನೆಲ ಅಂಗಳಕ್ಕಿಂತ ಎತ್ತರದಲ್ಲಿತ್ತು. ಕೊಟ್ಟಿಗೆಯ ಪಕ್ಕ ಜಾಗ ಖಾಲಿಯಿದೆ ಎಂದು ಅಲ್ಲಿ ನಿಲ್ಲಿಸುವವರನ್ನು ನಾನು ನೋಡಿದ್ದೇನೆ. ಗಂಜಲದ ಆವಿ ತಗಡಿಗೂ ತಾಮ್ರದ ತಂತಿಗೂ ಒಳ್ಳೆಯದಲ್ಲ. ಪ್ಲಾಸ್ಟಿಕ್ ಹೊದಿಕೆ ಹಾಕಿ ಕಟ್ಟಿಡುವುದು ಇನ್ನೂ ಕೆಟ್ಟದ್ದು, ತೇವ ಒಳಗೇ ಉಳಿದು ಹುಡ್ಡಿಗೆ ಬೂಸ್ಟು ಹಿಡಿಯುತ್ತದೆ.

ಪೆಟ್ರೋಲಿನ ವಿಷಯವನ್ನೂ ಹೇಳಬೇಕು. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಬಿರುಕುಬಿಡಿಸುತ್ತದೆ. ಇಂಥ ಗಾಡಿ ಇಟ್ಟುಕೊಂಡವರು ಟ್ಯಾಂಕಿನಿಂದ ಕಾರ್ಬುರೇಟರಿನವರೆಗಿನ ಎಲ್ಲ ರಬ್ಬರು ಪೈಪುಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಿಸಿಕೊಳ್ಳುವುದು ಅಗತ್ಯ. ವಾರಗಟ್ಟಲೆ ನಿಲ್ಲಿಸಿಟ್ಟರೆ ಕಾರ್ಬುರೇಟರಿನ ಬಟ್ಟಲಿನಲ್ಲಿ ಕೊಳೆ ಕೂರುತ್ತದೆ. ವಾರಕ್ಕೊಮ್ಮೆಯಾದರೂ ಚೋಕ್ ಎಳೆದು ಸ್ಟಾರ್ಟ್ ಮಾಡಿ, ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಬೇಕು. ನಿಂತಲ್ಲೇ ಎರಡು ನಿಮಿಷ ಗುರುಗುಟ್ಟಿಸಿದರೆ ಸಾಲದು. ಬಿಡಿಭಾಗಗಳ ಪೈಕಿ ಫಿಲ್ಟರು, ಬ್ರೇಕ್ ಲೈನರು, ಕ್ಲಚ್ ಪ್ಲೇಟುಗಳಿಗೆ ನನಗೆ ಎಂದೂ ತೊಂದರೆಯಾಗಲಿಲ್ಲ. ಕಾರ್ಬುರೇಟರಿನ ಒಳಭಾಗಗಳಿಗೂ ಬಾಗಿಲಿನ ರಬ್ಬರುಗಳಿಗೂ ಹುಬ್ಬಳ್ಳಿಯ ಹಳೆಯ ಅಂಗಡಿಗಳನ್ನು ತಿರುಗಬೇಕಾಯಿತು. ಸಿಕ್ಕಿದಾಗ ಒಂದರ ಬದಲು ಎರಡು ತಂದಿಡುವುದು ರೂಢಿಯಾಯಿತು.

ಇಷ್ಟೆಲ್ಲ ಗೊತ್ತಿದ್ದುದರಿಂದಲೇ ಅದನ್ನು ಕಾರವಾರಕ್ಕೆ ತಂದುಕೊಳ್ಳುವ ಯೋಚನೆಯನ್ನು ಬಿಟ್ಟೆ. ನನಗೆ ಸಿಕ್ಕ ಬಾಡಿಗೆ ಮನೆ ಸಮುದ್ರಕ್ಕೆ ಹತ್ತಿರ, ಗಾಡಿ ನಿಲ್ಲಿಸಲು ಮಾಡು ಇಲ್ಲ. ಉಪ್ಪುಗಾಳಿಗೆ ಬಯಲಲ್ಲಿ ನಿಂತ ಜಿಪ್ಸಿ ಎರಡು ಮಳೆಗಾಲದಲ್ಲಿ ಏನಾಗುತ್ತದೆ ಎಂಬುದನ್ನು ಇಲ್ಲಿನ ಬೀದಿಗಳಲ್ಲಿಯೇ ನೋಡಬಹುದು. ಮಾರುವ ಮಾತು ಬಂದಾಗ ಅಪ್ಪಯ್ಯ ಹೇಳಿದ್ದು ಒಂದೇ: "ಎಷ್ಟು ಕೊಡ್ತ ಹೇಳಿ ಆಮೇಲೆ ಕೇಳು ತಮಾ, ಗಾಡಿ ಎಲ್ಲಿ ನಿಲ್ಲಸ್ತ ಹೇಳಿ ಮೊದ್ಲು ಕೇಳು." ನಾನು ಹಾಗೆಯೇ ಮಾಡಿದೆ. ಆ ಪ್ರಶ್ನೆಯೊಂದರಿಂದಲೇ ಬಂದವರಲ್ಲಿ ಬಹುಪಾಲು ಜನರ ವಿಷಯ ತೀರ್ಮಾನವಾಯಿತು.

ಮೊದಲು ಬಂದವರು ಗಾಡಿಯನ್ನು ಬದಲಾಯಿಸುವ ಉತ್ಸಾಹದ ಯುವಕರು. ಅವರ ಪ್ರೀತಿ ನಿಜವಾದದ್ದು, ಯಂತ್ರದ ತಿಳಿವಳಿಕೆಯೂ ನನಗಿಂತ ಹೆಚ್ಚಿತ್ತು. ಆದರೆ ಅವರಿಗೆ ಬೇಕಿದ್ದುದು ಚಾಸಿ ಮತ್ತು ಆರ್‌ಸಿ, ಎಂಜಿನ್ ಅಲ್ಲ. ಕಿಂಗ್ ಎಂಜಿನ್ ಹಾಕಿ ಎತ್ತರ ಮಾಡಿಸುವುದು ಅವರ ಯೋಜನೆ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನೋಂದಣಿಯಲ್ಲಿರುವ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವುದನ್ನು ತಡೆಯುತ್ತದೆ ಎಂಬುದು ಒಂದು ಮಾತು. ಆದರೆ ಕಾನೂನಿಗಿಂತ ನನ್ನನ್ನು ತಡೆದದ್ದು, ಕಿಂಗ್ ಮಾದರಿಯ ಗಾಡಿಗಳು ಬೇಕಾದಷ್ಟು ಸಿಗುವಾಗ ಉಳಿದಿರುವ ಕೆಲವೇ ಸಾವಿರ ಸಿ.ಸಿ. ಗಾಡಿಗಳಲ್ಲಿ ಒಂದನ್ನು ಏಕೆ ಕಳೆಯಬೇಕು ಎಂಬ ವಿಚಾರ. ಅವರಿಗೆ ಕಿಂಗ್ ಹುಡುಕಿಕೊಳ್ಳುವಂತೆ ಹೇಳಿದೆ. ಎಲ್ಲರಿಗಿಂತ ಹೆಚ್ಚು ಬೆಲೆ ಹೇಳಿದವರು ಪ್ರವಾಸಿ ವಸತಿ ನಡೆಸುವವರೊಬ್ಬರು. ಗಾಡಿಯನ್ನು ಅಂಗಳದಲ್ಲಿ ಹೂಕುಂಡಗಳ ನಡುವೆ ಅಲಂಕಾರಕ್ಕೆ ನಿಲ್ಲಿಸುವುದು ಅವರ ಉದ್ದೇಶ. ಓಡದ ಗಾಡಿ ಬಯಲಲ್ಲಿ ನಿಂತರೆ ಏನಾಗುತ್ತದೆ ಎಂದು ಮತ್ತೆ ಬರೆಯಬೇಕಾಗಿಲ್ಲ.

ಕಾಗದಪತ್ರದ ಕೆಲಸವನ್ನು ಗಿರಾಕಿ ಗೊತ್ತಾಗುವ ಮೊದಲೇ ಮುಗಿಸಿಟ್ಟುಕೊಳ್ಳುವುದು ಒಳ್ಳೆಯದು. ಹದಿನೈದು ವರ್ಷ ಕಳೆದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಆಗ ಹಸಿರು ತೆರಿಗೆಯನ್ನೂ ಕಟ್ಟಬೇಕು. ಪಾರಂಪರಿಕ ವಾಹನವೆಂಬ ಪ್ರತ್ಯೇಕ ನೋಂದಣಿ 2021ರಲ್ಲಿ ಜಾರಿಗೆ ಬಂದಿದ್ದರೂ ಅದು 50 ವರ್ಷ ಮೀರಿದವಕ್ಕೆ ಮಾತ್ರ, ಆದ್ದರಿಂದ ಯಾವ ಜಿಪ್ಸಿಗೂ ಸದ್ಯಕ್ಕೆ ಅನ್ವಯಿಸುವುದಿಲ್ಲ. ಪುಸ್ತಕರೂಪದ ಹಳೆಯ ಆರ್‌ಸಿ ಇರುವವರು, ತಮ್ಮ ಗಾಡಿಯ ವಿವರ ಸರಕಾರದ ವಾಹನ ನೋಂದಣಿಯ ವಾಹನ್ ತಂತ್ರಾಂಶದಲ್ಲಿ ಸೇರಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಹೆಸರು ವರ್ಗಾವಣೆ ಮುಂದೆ ಸಾಗುವುದಿಲ್ಲ. ಹೆಚ್ಚಿನವರು ಗಮನಿಸದ ಸಂಗತಿ ಇನ್ನೊಂದಿದೆ. ತಪಾಸಣೆಯಲ್ಲಿ ಚಾಸಿಯ ಮೇಲೆ ಕೊರೆದ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯುತ್ತಾರೆ. ಆ ಜಾಗಕ್ಕೆ ತುಕ್ಕು ಹಿಡಿದು ಅಂಕಿ ಅಳಿಸಿದ್ದರೆ ಗಾಡಿ ಎಷ್ಟೇ ಚೆನ್ನಾಗಿದ್ದರೂ ಕೆಲಸ ನಿಲ್ಲುತ್ತದೆ. ನಾವು ಪ್ರತಿ ಮಳೆಗಾಲಕ್ಕೆ ಮುಂಚೆ ಅಲ್ಲಿ ಗ್ರೀಸ್ ಸವರಿಡುತ್ತಿದ್ದೆವು. ಅಂಕಿಗಳು ಇಂದಿಗೂ ಸ್ಪಷ್ಟವಾಗಿವೆ. ಅನಂತರ ಹೆಸರು ವರ್ಗಾವಣೆಯ 29 ಮತ್ತು 30ನೆಯ ನಮೂನೆಗಳು, ಮತ್ತು ಹದಿನಾಲ್ಕು ದಿನಗಳ ಒಳಗೆ ವಿಮೆಯನ್ನು ಹೊಸಬರ ಹೆಸರಿಗೆ ಮಾಡಿಸುವುದು. ಎಂಜಿನ್ ಸಾವಿರ ಸಿ.ಸಿ.ಯ ಒಳಗೇ ಇರುವುದರಿಂದ ಮೂರನೆಯ ವ್ಯಕ್ತಿಯ ವಿಮೆ ಅತಿ ಕಡಿಮೆ ದರದ ವರ್ಗಕ್ಕೆ ಸೇರುತ್ತದೆ.

ಕೊನೆಗೆ ಗಾಡಿ ಹೋದದ್ದು ಯಲ್ಲಾಪುರ ತಾಲ್ಲೂಕಿನ ತೋಟಿಗ ದಂಪತಿಗಳ ಮನೆಗೆ. ಅವರು ನೋಡಲು ಬಂದ ದಿನ ಜಡಿಮಳೆ. ಗಂಡ ಹಳೆಯ ಗೋಣಿಯನ್ನು ಹಾಸಿಕೊಂಡು ಗಾಡಿಯ ಕೆಳಗೆ ಹೋದರು. ಹೆಂಡತಿ ಹುಡ್ಡಿನ ಒಳಗೆ ಕುಳಿತು ಎಲ್ಲೆಲ್ಲಿ ಸೋರುತ್ತದೆ ಎಂದು ಬೆರಳಿನಿಂದ ಹೊಲಿಗೆಯನ್ನು ಮುಟ್ಟಿ ನೋಡಿದರು. ಇಬ್ಬರೂ ಓಡಿಸುವವರು. ಅವರ ಮನೆಯಲ್ಲಿ ಆಗಲೇ ಒಂದು ಹಳೆಯ ಜೀಪು ಯಾವ ಮಾರ್ಪಾಡೂ ಇಲ್ಲದೆ ಕೆಲಸ ಮಾಡಿಕೊಂಡಿತ್ತು. ಬೆಲೆಯ ಮಾತಿಗೆ ಮುಂಚೆ ನಾನೂ ಅಪ್ಪಯ್ಯನೂ ಅವರಲ್ಲಿಗೆ ಹೋಗಿ ಮಾಡನ್ನು ನೋಡಿ ಬಂದೆವು: ಎತ್ತರದ ನೆಲ, ಮೂರು ಕಡೆ ಗೋಡೆ, ಕೊಟ್ಟಿಗೆ ದೂರ. ಪೇಟೆಗೆ, ತೋಟಕ್ಕೆ ವಾರವಿಡೀ ಓಡಾಟ ಇರುವ ಮನೆ ಅದು. ನಮಗೆ ಬಂದಿದ್ದ ಅತಿ ಹೆಚ್ಚಿನ ಬೆಲೆಗಿಂತ ಗಣನೀಯವಾಗಿ ಕಡಿಮೆಗೆ ಕೊಟ್ಟೆವು, ಆ ಬಗ್ಗೆ ಮನೆಯಲ್ಲಿ ಯಾರಿಗೂ ಅಸಮಾಧಾನವಿಲ್ಲ.

ಗಾಡಿಯ ಕುಂದುಗಳನ್ನು ಬರೆದೇ ಕೊಟ್ಟೆವು: ತಣ್ಣಗಿರುವಾಗ ಎರಡನೆಯ ಗೇರು ಕರ್ ಎನ್ನುತ್ತದೆ, ಹುಡ್ಡಿನ ಎಡಬದಿಯ ಹೊಲಿಗೆ ಬಿಟ್ಟಿದೆ, ಹಿಂದಿನ ಕಮಾನಿನ ಬುಶ್ಶುಗಳು ಸವೆದಿವೆ. ಕೂಡಿಟ್ಟಿದ್ದ ಬಿಡಿಭಾಗಗಳ ತಗಡಿನ ಪೆಟ್ಟಿಗೆ, ಹಳೆಯ ಬಿಲ್ಲುಗಳು, ಮೊದಲ ದಿನದ ಬಳಕೆದಾರರ ಕೈಪಿಡಿ ಎಲ್ಲವೂ ಗಾಡಿಯ ಜೊತೆಗೇ ಹೋದವು. ಎಂದಾದರೂ ಬೇಡವೆನಿಸಿದರೆ ಮೊದಲು ನಮಗೆ ತಿಳಿಸಬೇಕು ಎಂಬ ಒಂದೇ ಮಾತನ್ನು ಕೇಳಿಕೊಂಡೆವು, ಅವರು ಒಪ್ಪಿದರು. ಬುಶ್ಶುಗಳನ್ನು ಆಗಲೇ ಬದಲಿಸಿದ್ದಾರೆ. ಹುಡ್ಡಿನ ಹೊಲಿಗೆಯನ್ನು ಶಿರಸಿಯಲ್ಲಿ ನಮಗೆ ಹೊಲಿದುಕೊಡುತ್ತಿದ್ದವರಲ್ಲಿಯೇ ಈ ಮಳೆಗಾಲಕ್ಕೆ ಮುನ್ನ ಮಾಡಿಸುವವರಿದ್ದಾರೆ.